ಮಗನ ಮೈಕಟ್ಟು ಕಂಡ ಕೋಚ್ ಹೇಳಿದ ಮಾತು

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಶಿವಮೊಗ್ಗದಿಂದ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ಹತ್ತನೇ ತರಗತಿಯ ನಿಮ್ಮ ಮಗನನ್ನು ಶಾಲೆಯ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ) ಕೋಚ್ ತಡೆದು ನಿಲ್ಲಿಸಿ, ಡಿಫೆನ್ಸಿವ್ ಲೈನ್‌ಗೆ ಸೇರಿಕೊಂಡರೆ ಕಾಲೇಜಿನ ಖರ್ಚೇ ಇಲ್ಲದಂತಾಗಬಹುದು ಎಂದರೆಂದು ಬರೆದಿದ್ದೀರಿ. ಹುಡುಗನ ಎತ್ತರ 6 ಅಡಿ 2 ಅಂಗುಲ, ತೂಕ 104 ಕಿಲೊ. ಕೋಚ್ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು, ಓದು ಕೆಡುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನಾನು ಒಹಾಯೊಗೆ ಬಂದು 23 ವರ್ಷಗಳಾದವು. ನನ್ನ ಮಗನೂ ಹೈಸ್ಕೂಲಿನಲ್ಲಿ ಅದೇ ಲೈನಿನಲ್ಲಿ ಆಡಿದವನು. ಆದ್ದರಿಂದ ಕಂಡದ್ದನ್ನೂ ಅನುಭವಿಸಿದ್ದನ್ನೂ ಬರೆಯುತ್ತೇನೆ.

ಮೊದಲು ಆ ಜಾಗ ಎಂಥದೆಂದು ತಿಳಿದುಕೊಳ್ಳಿ. ಎದುರಾಳಿ ತಂಡದವರು ಚೆಂಡನ್ನು ಮುಂದಕ್ಕೆ ಒಯ್ಯುವಾಗ, ಅವರ ಐವರು ದಾಂಡಿಗರು ಕಟ್ಟುವ ಗೋಡೆಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ, ಒಂದು ಕೈಯನ್ನು ನೆಲಕ್ಕೆ ಊರಿ ಬಗ್ಗಿ ನಿಲ್ಲುವ ಮೂವರು ಅಥವಾ ನಾಲ್ವರು ಡಿಫೆನ್ಸಿವ್ ಲೈನ್‌ಮನ್‌ಗಳು. ಒಳಗೆ ನಿಲ್ಲುವವರು ಟ್ಯಾಕಲ್‌ಗಳು, ಅಂಚಿನಲ್ಲಿ ನಿಲ್ಲುವವರು ಎಂಡ್‌ಗಳು. ದಾವಣಗೆರೆಯ ಗರಡಿಯನ್ನು ನೋಡಿ ಬೆಳೆದ ನನಗೆ ಇದು ಬೇಗ ಅರ್ಥವಾಯಿತು: ಇದು ಚೆಂಡಾಟಕ್ಕಿಂತ ಹೆಚ್ಚಾಗಿ, ನಾಲ್ಕೈದು ಸೆಕೆಂಡುಗಳಲ್ಲಿ ಮುಗಿದು ಮತ್ತೆ ಮತ್ತೆ ಆರಂಭವಾಗುವ ಕುಸ್ತಿ. ಕೆಳಗೆ ಬಗ್ಗಿದವನು ಗೆಲ್ಲುತ್ತಾನೆ. ಎದೆ ಎತ್ತಿ ನಿಂತವನನ್ನು ಎದುರಾಳಿ ಎತ್ತಿ ಹಿಂದಕ್ಕೆ ನೂಕುತ್ತಾನೆ. ಇಬ್ಬರು ಒಟ್ಟಿಗೆ ಮೇಲೆ ಬಿದ್ದರೂ ಕದಲದೆ ನಿಂತ ಟ್ಯಾಕಲ್‌ನ ಹೆಸರು ಮರುದಿನದ ಅಂಕಿಅಂಶಗಳಲ್ಲಿ ಕಾಣುವುದಿಲ್ಲ, ಅವನಿಂದಾಗಿ ತೆರವು ಸಿಕ್ಕ ಹಿಂದಿನವನ ಹೆಸರು ಕಾಣುತ್ತದೆ. ನಿಮ್ಮ ಮಗ ಮೆಚ್ಚುಗೆಗಾಗಿ ಆಡುವ ಸ್ವಭಾವದವನಾದರೆ ಇದನ್ನು ಈಗಲೇ ಹೇಳಿಬಿಡಿ.

ಕೋಚ್ ಕಾರಿಡಾರಿನಲ್ಲಿ ಕಂಡದ್ದು ನಿಮ್ಮ ಮಗನ ಆಟವನ್ನಲ್ಲ. ಇನ್ನು ನಾಲ್ಕು ವರ್ಷಗಳ ನಂತರ ಅವನ ಮೈ ಏನಾಗಬಹುದು ಎಂಬುದನ್ನು. ಅಗಲ ಭುಜ, ಉದ್ದನೆಯ ತೋಳು, ದೊಡ್ಡ ಅಂಗೈ, ಇನ್ನೂ ಮಾಂಸ ತುಂಬಿಕೊಳ್ಳಲು ಜಾಗವಿರುವ ಎಲುಬಿನ ಹಂದರ, ಇವನ್ನು ಯಾವ ತರಬೇತಿಯೂ ಕೊಡಲಾರದು. ದಪ್ಪ ಹುಡುಗರು ಎಲ್ಲೆಡೆ ಸಿಗುತ್ತಾರೆ, ಚುರುಕು ಹುಡುಗರೂ ಸಿಗುತ್ತಾರೆ; 130 ಕಿಲೊ ತೂಗಿಯೂ ಬೆಕ್ಕಿನಂತೆ ಹೆಜ್ಜೆ ಇಡಬಲ್ಲವರು ಬಹಳ ಕಡಿಮೆ. ಅವರಲ್ಲಿ ಹೆಚ್ಚಿನವರು ಜಾರ್ಜಿಯಾ, ಅಲಬಾಮಾ, ಲೂಯಿಸಿಯಾನಾ, ಫ್ಲಾರಿಡಾ, ಟೆಕ್ಸಸ್‌ಗಳಂಥ ದಕ್ಷಿಣದ ರಾಜ್ಯಗಳಲ್ಲೇ ಬೆಳೆಯುವುದರಿಂದ, ಉತ್ತರದ ಕಾಲೇಜುಗಳು ತಮ್ಮ ಸುತ್ತಮುತ್ತ ಅಂಥ ಮೈಕಟ್ಟು ಕಂಡರೆ ಬಿಡುವುದಿಲ್ಲ. ಕುಸ್ತಿ, ಗುಂಡು ಎಸೆತ, ಬ್ಯಾಸ್ಕೆಟ್‌ಬಾಲ್ ಆಡಿದ ಹುಡುಗನೆಂದರೆ ಅವರಿಗೆ ಇನ್ನೂ ಇಷ್ಟ, ಏಕೆಂದರೆ ಸೊಂಟ ಬಗ್ಗುತ್ತದೆಯೋ, ಪಾದ ಚುರುಕಾಗಿದೆಯೋ ಎಂಬುದು ಅಲ್ಲಿಯೇ ಗೊತ್ತಾಗಿಬಿಡುತ್ತದೆ.

ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಕೊಲಂಬಸ್‌ಗೆ ಅಂಟಿಕೊಂಡಿರುವ ಪಿಕರಿಂಗ್ಟನ್ ಎಂಬ ಊರಿನ ಇಬ್ಬರು ಹುಡುಗರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಒಂದೇ ಲೈನಿನಲ್ಲಿ ನಿಂತರು. ಹೈಸ್ಕೂಲು ಆಟಗಾರರಿಗೆ ಕೊಡುವ ನಕ್ಷತ್ರಗಳ ಲೆಕ್ಕದಲ್ಲಿ ಜ್ಯಾಕ್ ಸಾಯರ್ ಗರಿಷ್ಠವಾದ ಐದು ನಕ್ಷತ್ರದ ಹುಡುಗ; ಹೈಸ್ಕೂಲು ಮುಗಿಸುವ ಎರಡು ವರ್ಷ ಮೊದಲೇ ಬರುತ್ತೇನೆಂದು ಮಾತು ಕೊಟ್ಟವನು. ಟೈ ಹ್ಯಾಮಿಲ್ಟನ್‌ಗೆ ಸಿಕ್ಕಿದ್ದು ಮೂರೇ ನಕ್ಷತ್ರ. ಅವನ ಅಣ್ಣ ಡೇವನ್ ಅದೇ ಕಾಲೇಜಿನಲ್ಲಿ ಟ್ಯಾಕಲ್ ಆಗಿ ಐದು ವರ್ಷ ಬೆವರು ಸುರಿಸಿದ ಮೇಲೆ 2020ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರಿದ್ದನು. ತಮ್ಮನೂ ಅದೇ ದಾರಿಯನ್ನು ಹಿಡಿದು ಐದನೆಯ ವರ್ಷದಲ್ಲಿ ಮಾಗಿದನು. ಇವರ ಜೊತೆಗೆ ಇನ್ನೊಂದು ಅಂಚಿನಲ್ಲಿ ನಿಂತ ಜೆ.ಟಿ. ಟುಯಿಮೊಲೊಆವು ವಾಷಿಂಗ್ಟನ್ ರಾಜ್ಯದವನು. ಕೊರೊನಾ ಕಾಲದಲ್ಲಿ ಹುಡುಗರು ಕೋಚ್‌ಗಳನ್ನು ಕಾಲೇಜಿಗೆ ಹೋಗಿ ಭೇಟಿಯಾಗುವುದಕ್ಕೆ 2020ರ ಮಾರ್ಚ್‌ನಿಂದ 2021ರ ಮೇ ಕೊನೆಯವರೆಗೆ ನಿಷೇಧವಿತ್ತು. ಅದು ತೆರವಾಗುವವರೆಗೂ ಕಾದು, ಜೂನ್‌ನಲ್ಲಿ ಒಂದೊಂದೇ ಕಾಲೇಜನ್ನು ಕಣ್ಣಾರೆ ಕಂಡು, ಜುಲೈ 4ರಂದು ತನ್ನ ನಿರ್ಧಾರವನ್ನು ತಿಳಿಸಿದನು. ಒಬ್ಬ ಎಲ್ಲರಿಗಿಂತ ಮೊದಲು, ಇನ್ನೊಬ್ಬ ಎಲ್ಲರಿಗಿಂತ ಕೊನೆಗೆ, ಮತ್ತೊಬ್ಬ ಯಾರ ಕಣ್ಣಿಗೂ ಹೆಚ್ಚು ಬೀಳದೆ. ಹೀಗೆ ಬಂದ ಮೂವರೂ 2024ರ ಋತುವಿಗೆ ಕಾಲೇಜಿನಲ್ಲೇ ಉಳಿದರು. 2025ರ ಜನವರಿ 10ರ ಸೆಮಿಫೈನಲ್‌ನಲ್ಲಿ ಟೆಕ್ಸಸ್ ತಂಡ ಗೋಲ್ ಗೆರೆಗೆ ಒಂದು ಗಜದಷ್ಟು ಹತ್ತಿರಕ್ಕೆ ಬಂದು, ಅಲ್ಲಿಂದ ಹಿಂದಕ್ಕೆ ತಳ್ಳಿಸಿಕೊಂಡು, ಕೊನೆಯ ಯತ್ನಕ್ಕೆ ನಿಂತಾಗ, ಸಾಯರ್ ಅಂಚಿನಿಂದ ನುಗ್ಗಿ ತನ್ನ ಹಳೆಯ ರೂಮ್‌ಮೇಟನೇ ಆಗಿದ್ದ ಕ್ವಾರ್ಟರ್‌ಬ್ಯಾಕ್‌ನ (ಚೆಂಡನ್ನು ಎಸೆದು ಆಟ ನಡೆಸುವವನ) ಕೈಯಿಂದ ಚೆಂಡನ್ನು ಕಿತ್ತು 83 ಗಜ ಓಡಿದನು. ಆ ರಾತ್ರಿ ನಮ್ಮ ಬೀದಿಯ ಮನೆಮನೆಯಿಂದಲೂ ಕೂಗು ಕೇಳಿಸಿತು. ಹತ್ತು ದಿನಗಳ ಬಳಿಕ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಆ ಓಟ ನಾಲ್ಕನೆಯ ವರ್ಷದ್ದು ಎಂಬುದನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ.

ಆ ನಡುವಿನ ವರ್ಷಗಳಲ್ಲಿ ಏನಾಗುತ್ತದೆ ಎಂಬುದೇ ನಿಮಗೆ ಮುಖ್ಯ. ಲೈನ್‌ಗೆಂದೇ ಪ್ರತ್ಯೇಕ ಕೋಚ್ ಇರುತ್ತಾರೆ, ಗರಡಿಯ ವಸ್ತಾದನಂತೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹದಿನೆಂಟು ವರ್ಷ ದುಡಿದು 2014ರಲ್ಲಿ ಒಹಾಯೊ ಸ್ಟೇಟ್‌ಗೆ ಬಂದ ಲ್ಯಾರಿ ಜಾನ್ಸನ್ ಅಂಥವರು. ಮುಂದೆ ಎನ್‌ಎಫ್‌ಎಲ್ ಸೇರಿದ ಬೋಸಾ ಸಹೋದರರೂ ಚೇಸ್ ಯಂಗ್ ಕೂಡ ಅವರ ಕೈಯಲ್ಲೇ ಪಳಗಿದವರು. ಲೈನ್ ಕೋಚ್‌ಗಳು ಕಲಿಸುವುದರಲ್ಲಿ ಹೆಚ್ಚಿನ ಪಾಲು ಕೈಗಳದು: ಎದುರಾಳಿಯ ಮಣಿಕಟ್ಟನ್ನು ಬಡಿದು ಬಿಡಿಸಿಕೊಳ್ಳುವುದು, ಅವನ ಕಂಕುಳಡಿ ತೋಳು ತೂರಿಸಿ ದಾಟುವುದು, ಎರಡೂ ಅಂಗೈಗಳಿಂದ ಎದೆಗೆ ಒತ್ತಿ ಎತ್ತುವುದು. ನಮ್ಮ ಶಾಲೆಯ ಕೋಚ್ ಒಂದು ಉದ್ದ ಕೋಲಿನ ತುದಿಗೆ ಚೆಂಡು ಸಿಕ್ಕಿಸಿ ನೆಲದ ಮೇಲಿಟ್ಟು, ಸುಮ್ಮನೆ ಜೋರಾಗಿ ಕೂಗುತ್ತಿದ್ದರು. ಕೂಗಿಗೆ ಅಲುಗಿದ ಹುಡುಗನಿಗೆ ಹತ್ತು ದಂಡ (ಪುಶ್-ಅಪ್). ಚೆಂಡು ಅಲುಗಿದಾಗ ಮಾತ್ರ ಏಳಬೇಕು. ನನ್ನ ಮಗ ಮೊದಲ ವಾರ ನೂರಕ್ಕೂ ಮಿಕ್ಕಿ ದಂಡ ಹೊಡೆದು, ಮನೆಗೆ ಬಂದರೆ ಚಮಚ ಎತ್ತಲಾರದೆ ಕೂತಿರುತ್ತಿದ್ದ. ಕಾಲೇಜಿನಲ್ಲಿ ಇದರ ಜೊತೆಗೆ ಭಾರ ಎತ್ತುವಿಕೆ, ಅಳೆದು ಬಡಿಸುವ ಊಟ, ನಿದ್ರೆಯ ಲೆಕ್ಕವೂ ಸೇರುತ್ತವೆ. ಮೊದಲ ವರ್ಷ ಆಡಿಸದೆ ಮೈ ಬೆಳೆಸುವ ಪದ್ಧತಿಯನ್ನು ರೆಡ್‌ಶರ್ಟ್ ಎನ್ನುತ್ತಾರೆ. 2025ರ ಋತುವಿನವರೆಗಿನ ನಿಯಮದಂತೆ ಐದು ವರ್ಷಗಳೊಳಗೆ ನಾಲ್ಕು ಋತುಗಳನ್ನು ಆಡಬಹುದಿತ್ತು. 2018ರಲ್ಲಿ ಬಂದ ನಿಯಮದಂತೆ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಗನನ್ನು ಮೂಲೆಗೆ ಕೂರಿಸಿದ್ದಾರೆಂದು ಆಗ ಕೊರಗಬೇಡಿ. ಊಟದ ವಿಷಯದಲ್ಲಿ, ನೀವು ಸಸ್ಯಾಹಾರಿಗಳಾದರೆ, ಅನ್ನದ ರಾಶಿಯಿಂದ ಬರುವ ತೂಕ ಲೈನಿನಲ್ಲಿ ಕೆಲಸಕ್ಕೆ ಬಾರದು. ಹಾಲು, ಪನೀರ್, ಸೋಯಾ, ಹುರುಳಿ, ಒಪ್ಪಿಗೆಯಿದ್ದರೆ ಮೊಟ್ಟೆ, ಇವನ್ನು ಹೆಚ್ಚಿಸಿ.

ಇನ್ನು ಆಫರ್, ಅಂದರೆ ಸ್ಕಾಲರ್‌ಶಿಪ್ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುತ್ತೇವೆ ಎಂಬ ಮಾತಿನ ಬಗ್ಗೆ ಎಚ್ಚರವಿರಲಿ. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರಿಂದ ಕಾಲೇಜು ಕೋಚ್‌ಗಳು ಹುಡುಗನಿಗೆ ನೇರವಾಗಿ ಸಂದೇಶ ಕಳುಹಿಸಬಹುದು. ಜೂನ್‌ನ ಕ್ಯಾಂಪ್‌ಗಳಲ್ಲಿ ಒಬ್ಬನೆದುರು ಒಬ್ಬನನ್ನು ನಿಲ್ಲಿಸಿ ನೋಡುತ್ತಾರೆ. ಸಹಿ ಬೀಳುವುದು ಬಹುಪಾಲು ಹನ್ನೆರಡನೆಯ ತರಗತಿಯ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಎರಡೂ ಕಡೆಯ ಮಾತು ಬರೀ ಮಾತು. ನನ್ನ ಮಗನಿಗೆ ಒಂದು ಕ್ಯಾಂಪ್‌ನಲ್ಲಿ ಕೋಚ್ ಒಬ್ಬರು ಹೆಗಲ ಮೇಲೆ ಕೈಹಾಕಿ, ನಿನಗಾಗಿ ಜಾಗ ಇಟ್ಟಿದ್ದೇವೆ ಎಂದರು. ನಾವು ಊರಿಗೆಲ್ಲ ಫೋನ್ ಮಾಡಿ ಸಂಭ್ರಮಿಸಿದೆವು. ಅಕ್ಟೋಬರ್‌ನಿಂದ ಅವರಿಂದ ಉತ್ತರವೇ ನಿಂತುಹೋಯಿತು, ಏಕೆಂದರೆ ಅವನಿಗಿಂತ ಎರಡು ಅಂಗುಲ ಎತ್ತರದವನು ಒಪ್ಪಿಕೊಂಡಿದ್ದನಂತೆ. ಕೊನೆಗೆ ಅವನು, ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಕೊನೆಯದಾದ ಡಿವಿಷನ್ 3ರ ಕಾಲೇಜೊಂದಕ್ಕೆ ಸೇರಿದನು. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲ, ಓದಿಗೆ ಸಿಗುತ್ತದೆ. ಎಂಜಿನಿಯರಿಂಗ್ ಓದುತ್ತಲೇ ಮೂರು ವರ್ಷ ಆಡಿದನು. ಈ ದೇಶದಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಹೈಸ್ಕೂಲು ಫುಟ್‌ಬಾಲ್ ಆಡುತ್ತಾರೆ. ಅತಿ ಮೇಲಿನ ಹಂತವಾದ ಡಿವಿಷನ್ 1 ತಲುಪುವವರು ನೂರಕ್ಕೆ ಮೂವರಷ್ಟೂ ಇಲ್ಲ.

ಈಚೆಗೆ ಆ ಬಾಗಿಲು ಇನ್ನಷ್ಟು ಕಿರಿದಾಗಿದೆ. ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ, ಹದಿನೇಳರ ಹುಡುಗನನ್ನು ಮೂರು ವರ್ಷ ಸಾಕುವುದಕ್ಕಿಂತ ಬೇರೆಡೆ ಮಾಗಿದ ಇಪ್ಪತ್ತೊಂದರ ಟ್ಯಾಕಲ್‌ನನ್ನು ತರುವುದು ಕೋಚ್‌ಗಳಿಗೆ ಸುಲಭವೆನಿಸಿದೆ. 2025ರ ಜುಲೈಯಿಂದ ಕಾಲೇಜುಗಳೇ ತಮ್ಮ ಕ್ರೀಡಾಪಟುಗಳಿಗೆ ಹಣ ಹಂಚಬಹುದಾಗಿದೆ; ಮೊದಲ ವರ್ಷ ಒಂದೊಂದು ಕಾಲೇಜಿಗೆ ಇದ್ದ ಮಿತಿ 2.05 ಕೋಟಿ ಡಾಲರ್. ಇದಕ್ಕೆ ದಾರಿ ಮಾಡಿದ ನ್ಯಾಯಾಲಯದ ರಾಜಿ ಒಪ್ಪಂದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡದ ಮಿತಿ 105 ಜನ. ಆದ್ದರಿಂದ ಕೋಚ್ ಕರೆದಾಗ, ನಿಮ್ಮ ಲೈನಿನಲ್ಲಿ ನೀವೇ ಬೆಳೆಸಿದವರು ಎಷ್ಟು, ಹೊರಗಿನಿಂದ ತಂದವರು ಎಷ್ಟು ಎಂದು ಕೇಳಲು ಹಿಂಜರಿಯಬೇಡಿ.

ನಮ್ಮವರಿಗಷ್ಟೇ ಇರುವ ತೊಡಕೊಂದಿದೆ. ನಿಮ್ಮದು ಉದ್ಯೋಗದ ವೀಸಾ ಎಚ್-1ಬಿ, ಮಗನದು ಅವಲಂಬಿತರ ವೀಸಾ ಎಚ್-4. ಸ್ಕಾಲರ್‌ಶಿಪ್ ಪಡೆಯಲು ಅದು ಅಡ್ಡಿಯಲ್ಲ. ಆದರೆ ಎಚ್-4ರಲ್ಲಿ ದುಡಿಯುವ ಅನುಮತಿಯಿಲ್ಲ, ಆಟಗಾರನ ಹೆಸರು ಮತ್ತು ಚಿತ್ರ ಬಳಸಿ ಹಣ ಕೊಡುವ ಎನ್‌ಐಎಲ್ ಒಪ್ಪಂದವೋ ಕಾಲೇಜು ಹಂಚುವ ಪಾಲೋ ದುಡಿಮೆಯೆನಿಸಿದರೆ ವೀಸಾಕ್ಕೇ ಕುತ್ತು. ಕಾಗದಕ್ಕೆ ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಲೇಬೇಕು. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ರೆಡ್‌ಶರ್ಟ್ ಆದ ಹುಡುಗನಿಗೆ ಅದು ಸರಿಯಾಗಿ ಆಟ ಕೈಗೂಡುವ ವರ್ಷ. ಅಷ್ಟರಲ್ಲಿ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಿರಬೇಕು.

ಓದಿನ ಭಯ ಬೇಡ ಎನ್ನಲಾರೆ, ಆದರೆ ಓದಿಲ್ಲದೆ ಈ ಆಟವೂ ಇಲ್ಲ. ಡಿವಿಷನ್ 1 ಸೇರಲು ನಿಗದಿಪಡಿಸಿದ 16 ವಿಷಯಗಳನ್ನು ಮುಗಿಸಿ, ಅವುಗಳಲ್ಲಿ ನಾಲ್ಕಕ್ಕೆ ಕನಿಷ್ಠ 2.3 ಸರಾಸರಿ ಪಡೆದಿರಬೇಕು. 10 ವಿಷಯಗಳು ಹನ್ನೆರಡನೆಯ ತರಗತಿ ಆರಂಭವಾಗುವ ಮೊದಲೇ ಮುಗಿದಿರಬೇಕು. ಒಂಬತ್ತನೆಯ ತರಗತಿಯಿಂದಲೇ ಲೆಕ್ಕ. ಅಂದರೆ ಶಿವಮೊಗ್ಗದಲ್ಲಿ ಓದಿದ ಆ ವರ್ಷದ ಅಂಕಪಟ್ಟಿ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಗೆ ಬೇಕಾಗುತ್ತದೆ; ಅದು ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕು. ಶಾಲೆಯವರನ್ನು ಈಗಲೇ ಕೇಳಿ ತರಿಸಿಕೊಳ್ಳಿ, ಎರಡು ವರ್ಷ ಬಿಟ್ಟು ಹುಡುಕಿಸುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ.

ತಲೆಗೆ ಬೀಳುವ ಪೆಟ್ಟಿನ ಬಗ್ಗೆ ನಿಮ್ಮ ಮನೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ದೊಡ್ಡ ಡಿಕ್ಕಿಗಿಂತ, ಪ್ರತಿ ಸಲ ಎದ್ದಾಗಲೂ ಲೈನಿನಲ್ಲಿ ತಗಲುವ ಸಣ್ಣ ಸಣ್ಣ ತಾಕಲಾಟಗಳು ಒಟ್ಟುಗೂಡುವುದೇ ನನಗೂ ಭಯ. ತಲೆ ತಗ್ಗಿಸದೆ ಕೈ ಮುಂದಿಡಲು ಕಲಿಸುವ ಕೋಚ್ ಸಿಕ್ಕರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ನನ್ನ ಹೆಂಡತಿ ನಾಲ್ಕು ಋತು ಪಂದ್ಯಕ್ಕೇ ಬರಲಿಲ್ಲ. ಅಭ್ಯಾಸ ನೋಡಲು ನೀವಿಬ್ಬರೂ ಒಂದು ದಿನ ಹೋಗಿ, ಕೋಚ್ ಹುಡುಗರ ತಲೆಯನ್ನು ನೋಡುತ್ತಾರೋ ಕೈಗಳನ್ನು ನೋಡುತ್ತಾರೋ ಗಮನಿಸಿ.

ಈ ಚಳಿಗಾಲ ಅವನನ್ನು ಶಾಲೆಯ ಕುಸ್ತಿ ತಂಡಕ್ಕೆ ಸೇರಿಸಿ ನೋಡುವುದು ನನ್ನ ಸಲಹೆ. ಅದಕ್ಕೆ ಯಾರ ಆಫರೂ ಬೇಕಿಲ್ಲ, ಮಾರ್ಚ್ ಹೊತ್ತಿಗೆ ಅವನ ಸೊಂಟ ಬಗ್ಗುತ್ತದೆಯೋ ಇಲ್ಲವೋ ನಿಮಗೇ ಕಾಣಿಸುತ್ತದೆ. ಮುಂದಿನ ಶನಿವಾರ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ. ವೀಸಾ ಕಾಗದಗಳನ್ನೂ ಅಂಕಪಟ್ಟಿಗಳನ್ನೂ ತನ್ನಿ. ಮಗನೂ ಊರಲ್ಲಿರುತ್ತಾನೆ, ಕೋಲಿಗೆ ಸಿಕ್ಕಿಸಿದ ಚೆಂಡು ಇನ್ನೂ ಗ್ಯಾರೇಜಿನಲ್ಲಿದೆ.