ಕೈ ನಿಧಾನವೋ, ಪರದೆ ನಿಧಾನವೋ

ಇದು ಒಬ್ಬರ ಕತೆ ಮಾತ್ರ ಆಗಿದ್ದರೆ ಬರೆಯುತ್ತಿರಲಿಲ್ಲ. ಕೋವಿಡ್ ನಂತರ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಮೈಸೂರಿಗೆ ವಾಪಸ್ ಬಂದವರು, ಮನೆಯಿಂದಲೇ ಕೆಲಸ ಮಾಡುವವರು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಆಗಾಗ ಬರುತ್ತಾರೆ. ನಿದ್ದೆ ಬರಲ್ಲ, ಸಿಟ್ಟು ಜಾಸ್ತಿ ಅಂತ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಒಳಗಿನ ಮಾತು ಹೊರಗೆ ಬರುತ್ತದೆ: "ನಾನು ಸ್ಲೋ ಆಗಿಬಿಟ್ಟಿದೀನಿ ಮೇಡಂ." ಇಲ್ಲಿ ಯಾರ ಕತೆ ಹೇಳುತ್ತಿದ್ದೇನೋ ಅವರ ಹೆಸರು, ವಯಸ್ಸು, ಬಡಾವಣೆ ಬದಲಿಸಿದ್ದೇನೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ರಘು ಅನ್ನೋಣ. ಮಂಡ್ಯ ಕಡೆಯವರು, ಈಗ ಕುವೆಂಪುನಗರದಲ್ಲಿ ಮನೆ. ನಲವತ್ತೈದರ ಆಸುಪಾಸು. ತಂದೆ ಕೈಕಾಲಿನ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯಿಂದ ನರಳಿ ಹೋದರು. ಕೆಲವು ತಿಂಗಳಿಂದ ಇವರಿಗೆ ಟೈಪ್ ಮಾಡುವಾಗ ಅಕ್ಷರ ಎರಡೆರಡು ಬೀಳುತ್ತಿತ್ತು. ಮೆನು ತೆರೆಯಲು ಹೋದರೆ ಪಕ್ಕದ್ದು ತೆರೆಯುತ್ತಿತ್ತು. ದಿನಾ ರಾತ್ರಿ ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಹೆಬ್ಬೆರಳು, ತೋರುಬೆರಳು ತಟ್ಟಿ ತಟ್ಟಿ ನೋಡಿಕೊಳ್ಳುತ್ತಿದ್ದರು. ತಂದೆಗೆ ಡಾಕ್ಟರು ಮಾಡಿಸುತ್ತಿದ್ದ ಪರೀಕ್ಷೆ ಅದು.

ಮೊದಲು ನರರೋಗ ತಜ್ಞರ ಹತ್ತಿರ ಕಳಿಸಿದೆ. ದೇಹದ ದೂರು ಹೇಳಿಕೊಂಡು ಬಂದವರನ್ನು ಬರೀ ಮಾತಿನಲ್ಲಿ ಸಮಾಧಾನ ಮಾಡಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ತಜ್ಞರು ನೋಡಿ, ಯಾವ ಲಕ್ಷಣವೂ ಇಲ್ಲ ಅಂದರು. ಹೆಚ್ಚಿನವರಲ್ಲಿ ಪಾರ್ಕಿನ್ಸನ್ ತಂದೆಯಿಂದ ಮಗನಿಗೆ ನೇರವಾಗಿ ಬರುವ ಕಾಯಿಲೆ ಅಲ್ಲ ಅಂತಲೂ ಬಿಡಿಸಿ ಹೇಳಿದರು. ರಘು ಅವರಿಗೆ ಅದು ಸಾಲಲಿಲ್ಲ. "ಅವರು ನನ್ನ ಕೈ ನೋಡಿದ್ರು ಮೇಡಂ, ನಾನು ಕೆಲಸ ಮಾಡೋದನ್ನ ನೋಡ್ಲಿಲ್ಲ" ಅಂದರು.

ನ್ಯಾಯವಾದ ಮಾತು ಅನಿಸಿತು. "ಸರಿ ಸರ್, ಮುಂದಿನ ಸಲ ಲ್ಯಾಪ್‌ಟಾಪ್ ತನ್ನಿ" ಅಂದೆ.

ಅವರು ಕೆಲಸ ಮಾಡುವುದು ಸ್ಮಾಲ್‌ಟಾಕ್ ಅನ್ನುವ ಪ್ರೋಗ್ರಾಮಿಂಗ್ ಪರಿಸರದಲ್ಲಿ. 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮುಂತಾದವರು ಕಟ್ಟಿದ್ದು. ಅದರ ವಂಶದಲ್ಲಿ 1996ರಲ್ಲಿ ಸ್ಕ್ವೀಕ್ ಬಂತು, 2008ರಲ್ಲಿ ಅದರಿಂದ ಕವಲೊಡೆದು ಫಾರೋ ಬಂತು. ರಘು ಅವರ ಕಂಪನಿಯ ಹಳೇ ಲೆಕ್ಕದ ಸಾಫ್ಟ್‌ವೇರ್ ಇರುವುದು ಇದೇ ವಂಶದ ಒಂದು ಪರಿಸರದಲ್ಲಿ. ಇದರಲ್ಲಿ ಒಂದು ವಿಶೇಷ. ಕೋಡ್ ಬರೆಯುವ ಕಿಟಕಿ, ತಪ್ಪು ಹುಡುಕುವ ಕಿಟಕಿ, ಓಡುತ್ತಿರುವ ಪ್ರೋಗ್ರಾಂ ಎಲ್ಲ 'ಇಮೇಜ್' ಅನ್ನುವ ಒಂದೇ ಫೈಲಿನೊಳಗೆ ಇರುತ್ತವೆ. ಕಿಟಕಿ, ಮೆನು, ಅಕ್ಷರ ಎಲ್ಲವನ್ನೂ ಅದು ತಾನೇ ಬಿಡಿಸಿಕೊಳ್ಳುತ್ತದೆ, ಆಪರೇಟಿಂಗ್ ಸಿಸ್ಟಂನ ಮೆನು, ಗುಂಡಿಗಳನ್ನು ಬಳಸುವುದಿಲ್ಲ. ಅದಕ್ಕೇ ಆ ಫೈಲನ್ನು ವಿಂಡೋಸ್‌ನಿಂದ ಲಿನಕ್ಸ್‌ಗೋ ಮ್ಯಾಕ್‌ಗೋ ಒಯ್ದು ತೆರೆದರೆ ಪರದೆ ಹೆಚ್ಚುಕಡಿಮೆ ಮೊದಲಿನ ಹಾಗೇ ಕಾಣುತ್ತದೆ. ಬಿಟ್ಟ ಕಿಟಕಿ ಬಿಟ್ಟ ಜಾಗದಲ್ಲೇ ಇರುತ್ತದೆ.

ಲ್ಯಾಪ್‌ಟಾಪ್ ತೆರೆದರು, ಟೈಪ್ ಮಾಡಲು ಶುರು ಮಾಡಿದರು. "ನೋಡಿ ಮೇಡಂ, ಬಂತಲ್ಲ ಎರಡು ಸಲ, ನೋಡಿ." ನನಗೆ ಕೋಡ್ ಅರ್ಥ ಆಗಲ್ಲ, ಹಾಗಾಗಿ ಪರದೆ ನೋಡುವುದರಲ್ಲಿ ಉಪಯೋಗ ಇರಲಿಲ್ಲ. ಕೈ ನೋಡುತ್ತಾ ಕೂತೆ. ಬೆರಳು ಸರಾಗವಾಗಿ ಓಡುತ್ತಿತ್ತು. ಆಮೇಲೆ ಒಂದು ಗುಂಡಿ ಒತ್ತುತ್ತಿದ್ದರು, ತಡೆಯುತ್ತಿದ್ದರು, ಅದನ್ನೇ ಇನ್ನೊಮ್ಮೆ ಒತ್ತುತ್ತಿದ್ದರು. ಅಷ್ಟರಲ್ಲಿ ಪರದೆ ಮೇಲೆ ಎರಡೂ ಅಕ್ಷರ ಒಟ್ಟಿಗೆ ಬೀಳುತ್ತಿದ್ದವು.

"ಸರ್, ನೀವು ಪರದೆ ನೋಡ್ತಿದೀರಿ, ನಾನು ನಿಮ್ಮ ಕೈ ನೋಡ್ತಿದೀನಿ" ಅಂದೆ. "ನಿಮ್ಮ ಬೆರಳು ಮೇಲೆದ್ದು ಆದಮೇಲೆ ಅಕ್ಷರ ಬರ್ತಿದೆ. ಬಂದಿಲ್ಲ ಅಂತ ನೀವು ಮತ್ತೆ ಒತ್ತುತಿದೀರಿ."

ಅವರು ಏನೂ ಹೇಳಲಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಬೇರೆ ಯಾವುದಾದರೂ ಸಾದಾ ಎಡಿಟರ್ ತೆರೆದು ಟೈಪ್ ಮಾಡಿ ಅಂದೆ. ಒಂದು ಪುಟ ಬರೆದರು. ಒಂದು ಅಕ್ಷರವೂ ಎರಡು ಸಲ ಬೀಳಲಿಲ್ಲ. "ಪಾರ್ಕಿನ್ಸನ್ ಒಂದು ಕಿಟಕಿಯಲ್ಲಿ ಬಂದು ಇನ್ನೊಂದು ಕಿಟಕಿಯಲ್ಲಿ ಹೋಗುತ್ತಾ ಸರ್?" ಅಂತ ಕೇಳಿದೆ. ನಗಲಿಲ್ಲ ಅವರು. "ಲ್ಯಾಪ್‌ಟಾಪ್ ಯಾವಾಗ ಬದಲಾಯ್ತು?" ಅಂದಿದ್ದಕ್ಕೆ ಮಾತ್ರ ತಲೆ ಎತ್ತಿದರು. ವಿಂಡೋಸ್ ಬಿಟ್ಟು ಕಂಪನಿಯ ಹೊಸ ಲಿನಕ್ಸ್ ಲ್ಯಾಪ್‌ಟಾಪಿಗೆ ಬಂದದ್ದು ಯಾವಾಗಲೋ, ಕೈಯ ಅನುಮಾನ ಶುರುವಾದದ್ದೂ ಆಗಲೇ.

ಇಷ್ಟು ಬುದ್ಧಿವಂತರಿಗೆ ಇದು ಯಾಕೆ ಹೊಳೆಯಲಿಲ್ಲ? ನನಗೆ ಕಾಣುವ ಕಾರಣ ಎರಡು. ಹೊಸ ಯಂತ್ರದಲ್ಲಿ ಪರದೆ ಬೇರೆ ಥರ ಕಂಡಿದ್ದರೆ ಅವರು ಯಂತ್ರವನ್ನೇ ಬೈದುಕೊಳ್ಳುತ್ತಿದ್ದರು. ಇಲ್ಲಿ ಎಲ್ಲ ಹಳೇದರ ಹಾಗೇ ಇತ್ತು, ಹಾಗಾಗಿ ಬದಲಾಗಿರುವುದು ನಾನೇ ಅಂದುಕೊಂಡರು. ಇನ್ನೊಂದು ಕಾರಣ, ಮನೆ. ಆಫೀಸಿನಲ್ಲಿದ್ದರೆ ಪಕ್ಕದ ಮೇಜಿನವರನ್ನು "ನಿಂಗೂ ಸ್ಲೋನಾ?" ಅಂತ ಕೇಳಿ ಮುಗಿಸಿಬಿಡುತ್ತಿದ್ದರು. ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಯಾರನ್ನು ಕೇಳುವುದು? ನನ್ನ ಹತ್ತಿರ ಬರುವ ಅರ್ಧ ಜನಕ್ಕೆ ಬೇಕಾಗಿರುವುದು ಆ ಪಕ್ಕದ ಮೇಜು.

ಕೀ ಒತ್ತಿದ ಮೇಲೆ ಪರದೆ ಎಷ್ಟು ಹೊತ್ತಿಗೆ ಬದಲಾಗಬೇಕು ಅನ್ನುವುದು ಮನಸ್ಸಿಗೆ ಸಂಬಂಧಿಸಿದ ವಿಷಯವೂ ಹೌದು. ಐಬಿಎಂ ಕಂಪನಿಯ ಸಂಶೋಧಕ ರಾಬರ್ಟ್ ಮಿಲ್ಲರ್ 1968ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಸುಮಾರು 0.1 ಸೆಕೆಂಡಿನೊಳಗೆ ಬದಲಾದರೆ 'ನಾನೇ ಮಾಡಿದೆ' ಅನಿಸುತ್ತದೆ. ಒಂದು ಸೆಕೆಂಡು ದಾಟಿದರೆ ಯೋಚನೆಯ ಎಳೆ ಕಡಿಯುತ್ತದೆ. ದಿನವಿಡೀ ಎಳೆ ಕಡಿಯುತ್ತಿದ್ದರೆ ಸಂಜೆಗೆ ತಲೆಯೇ ಕೆಟ್ಟಿದೆ ಅನಿಸುವುದು ಸಹಜ ಅಲ್ವಾ?

ನಾನು ಕೊಟ್ಟ ಸಲಹೆ ಸಣ್ಣದು. ಒಂದೇ ಇಮೇಜ್ ಫೈಲನ್ನು ಹಳೇ ಯಂತ್ರ, ಹೊಸ ಯಂತ್ರ ಎರಡರಲ್ಲೂ ತೆರೆಯಿರಿ. ಒಂದೇ ಕೆಲಸ ಮಾಡಿ, ಸಮಯ ಬರೆದಿಡಿ. ಒಮ್ಮೆ ಮಾತ್ರ. ಕನ್ನಡಿ ಮುಂದಿನ ಬೆರಳಾಟ ಇವತ್ತಿಗೆ ನಿಲ್ಲಿಸಿ. ಮೀಟಿಂಗಿನಲ್ಲಿ "ಸಾರಿ, ನಾನು ಸ್ವಲ್ಪ ಸ್ಲೋ" ಅನ್ನುವುದನ್ನೂ ನಿಲ್ಲಿಸಿ. ಆ ಮಾತನ್ನು ಅವರ ತಂಡದ ಲೀಡ್, ಕೆಲಸದ ಮೌಲ್ಯಮಾಪನದಲ್ಲಿ (ಅಪ್ರೈಸಲ್) ಹಾಗೇ ಎತ್ತಿ ಬರೆದಿದ್ದರು. ನಮ್ಮ ಬಗ್ಗೆ ನಾವೇ ಹೇಳಿಕೊಂಡಿದ್ದನ್ನು ಮೇಲಿನವರು ಪರೀಕ್ಷೆ ಮಾಡಲು ಹೋಗುವುದಿಲ್ಲ.

ಮುಂದಿನ ವಾರ ಒಂದು ಹಾಳೆ ತಂದರು. ಲೆಕ್ಕದ ಕೆಲಸ ಹೊಸ ಯಂತ್ರದಲ್ಲೇ ಬೇಗ ಮುಗಿಯುತ್ತಿತ್ತು. ತಡ ಇದ್ದದ್ದು ತೋರಿಸುವುದರಲ್ಲಿ, ಕೀ ಒತ್ತಿದ್ದನ್ನು ಗಮನಿಸುವುದರಲ್ಲಿ. ಹೊಸ ಪರದೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಚುಕ್ಕಿಗಳು ಎರಡರಷ್ಟು, ಅಂದರೆ ಒಟ್ಟು ನಾಲ್ಕರಷ್ಟು. ಅವರ ಪರಿಸರ ಅಷ್ಟನ್ನೂ ಗ್ರಾಫಿಕ್ಸ್ ಚಿಪ್ ಸಹಾಯವಿಲ್ಲದೆ ಬಿಡಿಸುತ್ತಿತ್ತು. ಜೊತೆಗೆ ಕಂಪನಿ ಹಾಕಿದ್ದ ಭದ್ರತಾ ಸ್ಕ್ಯಾನರ್ ಹಿಂದೆ ಓಡುತ್ತಲೇ ಇತ್ತು.

ಇನ್ನೊಂದು ಸಂಗತಿ ಅವರೇ ಹುಡುಕಿದ್ದು. ಇಮೇಜನ್ನು ಓಡಿಸುವ ವರ್ಚುವಲ್ ಮಷೀನ್ ಅನ್ನುವ ಸಾಫ್ಟ್‌ವೇರ್ ಒಂದೊಂದು ಆಪರೇಟಿಂಗ್ ಸಿಸ್ಟಂಗೆ ಒಂದೊಂದು. ಅದರಲ್ಲಿ 'ಹಾರ್ಟ್‌ಬೀಟ್' ಅನ್ನುವ ಸಣ್ಣ ಥ್ರೆಡ್, ಅಂದರೆ ಉಳಿದ ಕೆಲಸದ ಜೊತೆಜೊತೆಗೇ ಓಡುವ ಒಂದು ಎಳೆ, ಇರುತ್ತದೆ. ಗಡಿಯಾರ ನೋಡಿಕೊಳ್ಳುವುದು, ಕೀಬೋರ್ಡ್, ಮೌಸ್ ಕಡೆ ಗಮನ ಕೊಡುವಂತೆ ಎಚ್ಚರಿಸುವುದು ಅದರ ಕೆಲಸ. ಲಿನಕ್ಸ್‌ನಲ್ಲಿ ಅದಕ್ಕೆ ಹೆಚ್ಚಿನ ಆದ್ಯತೆ ಸಿಗಬೇಕಾದರೆ ಪ್ರತ್ಯೇಕ ಅನುಮತಿ ಬೇಕು. ಇಲ್ಲದಿದ್ದರೆ, ಯಂತ್ರದ ಮೇಲೆ ಹೊರೆ ಜಾಸ್ತಿ ಇದ್ದಾಗ ತಡ ಆಗಬಹುದು ಅಂತ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಎಚ್ಚರಿಕೆಯೂ ಬರುತ್ತದೆ. ರಘು ಐಕಾನ್ ಒತ್ತಿ ತೆರೆಯುತ್ತಿದ್ದರು, ಟರ್ಮಿನಲ್‌ನಿಂದ ಅಲ್ಲ. ಎಚ್ಚರಿಕೆ ಕಣ್ಣಿಗೆ ಬಿದ್ದಿರಲೇ ಇಲ್ಲ. ಆ ಅನುಮತಿ ಕೊಡುವ ಎರಡು ಸಾಲಿನ ಒಂದು ಫೈಲ್ ಸೇರಿಸಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆದರು. ಪರದೆಯ ರೆಸಲ್ಯೂಷನ್ ಇಳಿಸಿದರು. ಅಕ್ಷರ ಎರಡೆರಡು ಬೀಳುವುದು ನಿಂತಿತು.

ನಮ್ಮ ಆಪ್ತಸಲಹೆಗಾರರ ಗುಂಪಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಒಪ್ಪಲಿಲ್ಲ. ಕಾಯಿಲೆಯ ಭಯ ಇರುವವರಿಗೆ ಪುರಾವೆ ಕೊಟ್ಟು ಧೈರ್ಯ ತುಂಬಬಾರದು, ಭಯ ಇನ್ನೊಂದು ಪುರಾವೆ ಕೇಳುತ್ತದೆ, ನೀವು ಕಂಪ್ಯೂಟರ್ ರಿಪೇರಿಗೆ ಇಳಿದಿರಿ ಅಂದರು. ಅವರ ಮಾತಿನ ಮೊದಲ ಭಾಗ ಸರಿ. ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುವುದು ಭಯವನ್ನು ಬೆಳೆಸುತ್ತದೆ, ಅದಕ್ಕೇ 'ಒಮ್ಮೆ ಮಾತ್ರ' ಅಂದಿದ್ದೆ. ರಘು ಆಮೇಲೆ ಮಾತ್ರೆ ಬಿಚ್ಚುವುದಕ್ಕೆ, ಶರ್ಟಿನ ಗುಂಡಿ ಹಾಕುವುದಕ್ಕೆ ಎಷ್ಟು ಸೆಕೆಂಡು ಅಂತ ಲೆಕ್ಕ ಇಡಲು ಹೊರಟಾಗ ಆ ಹಾಳೆ ಈಸಿಕೊಂಡು ನನ್ನ ಹತ್ತಿರವೇ ಇಟ್ಟುಕೊಂಡೆ. ಆದರೆ ನಿಜವಾಗಿ ಇರುವ ತೊಂದರೆಯನ್ನು ಮನಸ್ಸಿನ ತೊಂದರೆ ಅಂತ ಹೇಳಿ ಉಸಿರಾಟದ ಅಭ್ಯಾಸ ಕೊಟ್ಟು ಕಳಿಸುವುದಿದೆಯಲ್ಲ, ಅದು ನನ್ನ ಕೈಲಿ ಆಗಲ್ಲ. ಅತ್ತೆ ಮನೆಯಲ್ಲಿ ನಿದ್ದೆಗೇ ಬಿಡುವಿಲ್ಲದ ಸೊಸೆಗೆ 'ನಿಮಗೆ ಆತಂಕ' ಅನ್ನುತ್ತಾರೆ, ಒಬ್ಬರೇ ಮೂವರ ಕೆಲಸ ಮಾಡುವ ಗುಮಾಸ್ತರಿಗೆ 'ನಿಮಗೆ ಗಮನ ಸಾಲದು' ಅನ್ನುತ್ತಾರೆ. ಮೊದಲು ಸುತ್ತ ಏನಿದೆ ನೋಡೋಣ.

ಅಪ್ರೈಸಲ್ ವಿಚಾರಕ್ಕೆ, ಅಳತೆಯ ಹಾಳೆ ಸೇರಿಸಿ ಲೀಡ್‌ಗೆ ಒಂದು ಮೇಲ್ ಹಾಕಿ, ಕ್ಷಮೆ ಕೇಳಬೇಡಿ, ದೂರಲೂ ಬೇಡಿ ಅಂದೆ. ಹಾಕಿದರು. ಲ್ಯಾಪ್‌ಟಾಪಿನ ತೊಂದರೆ ಲೀಡ್ ಒಪ್ಪಿಕೊಂಡರು, ಹಳೇ ರೇಟಿಂಗ್ ಮಾತ್ರ ಬದಲಾಗಲಿಲ್ಲ. ಅದಕ್ಕೆ ಬೇಜಾರಿದೆ.

ರಘು ಈಗಲೂ ಬರುತ್ತಾರೆ. ಈಗ ಮಾತು ತಂದೆಯ ಬಗ್ಗೆ. ಕೊನೆಯ ದಿನಗಳಲ್ಲಿ ಅವರಿಗೆ ಊಟ ಮಾಡಿಸುತ್ತಿದ್ದದ್ದು ಇವರೇ. ಒಮ್ಮೊಮ್ಮೆ ತಾಳ್ಮೆ ತಪ್ಪಿ "ಬೇಗ ನುಂಗಪ್ಪ" ಅಂತ ಗದರಿದ್ದಾರೆ. ಯಂತ್ರದ ಗಲಾಟೆ ಮುಗಿಯುವ ತನಕ ಈ ಮಾತು ಬಂದಿರಲಿಲ್ಲ. ಇನ್ನೂ ಕೆಲವು ಭೇಟಿ ಬೇಕಾಗಬಹುದು.