ಹೊಸಕೋಟೆ ಬರುವಷ್ಟರಲ್ಲಿ ಆಡುವ ಆಟ ಯಾವುದು?

ಚಿಂತಾಮಣಿಯ ಓದುಗರೊಬ್ಬರ ಪತ್ರ: "ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ದುಬೈಯಲ್ಲಿರುವ ಅಣ್ಣ ಈ ಸಲ ಬಂದಾಗ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ನಿಂಟೆಂಡೊ ಸ್ವಿಚ್ ಓಎಲ್‌ಇಡಿ ಕೊಟ್ಟು ಹೋದ. ಒಳಗೆ ಒಂದು ಆಟವೂ ಇಲ್ಲ. ನೆಟ್‌ನಲ್ಲಿ ಹುಡುಕಿದರೆ ನೂರಾರು ಹೆಸರು. ಒಂದೊಂದು ಬಗೆಯಲ್ಲಿ ಒಂದೊಂದು ಒಳ್ಳೆಯ ಆಟ ಹೇಳಿ. ನಾಲ್ಕೈದಕ್ಕಿಂತ ಜಾಸ್ತಿ ಕೊಳ್ಳಲಾರೆ. ಅಣ್ಣನ ಮಗನಿಗೆ ಒಂಬತ್ತು ವರ್ಷ, ಅವನಿಗೆ ಹೊಡೆದಾಟದ ಆಟವೇ ಬೇಕಂತೆ. ಟೊಮೆಟೊ ಬೆಳೆಯುವ ನಮ್ಮ ಅಪ್ಪ 'ಇದೇನಮ್ಮ ಮಕ್ಕಳಾಟ' ಅಂತ ನಗುತ್ತಾರೆ. ಕನ್ನಡದ ಆಟ ಇದೆಯಾ? ಪರದೆಗೆ ಗಾಜು ಹಾಕಿಸಬೇಕಾ?"

ಸಂಪಾದಕರ ಉತ್ತರ:

ಬಗೆಗೊಂದು ಆಟ ಹೇಳಿ ಎಂದಿದ್ದೀರಿ, ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಬಸ್ಸು. ನೀವು ನೋಡಿದ ಪಟ್ಟಿಗಳನ್ನು ಬರೆಯುವವರು ಹೆಚ್ಚಾಗಿ ಮನೆಯಲ್ಲಿ ಸೋಫಾ ಮೇಲೆ ಕೂತು, ದೊಡ್ಡ ಟಿವಿಗೆ ಜೋಡಿಸಿಕೊಂಡು ಆಡುವವರು. ನಿಮಗೆ ಸಿಗುವುದು ಬೆಳಿಗ್ಗೆ ಸುಮಾರು ಎರಡು ಗಂಟೆ, ಸಂಜೆ ಎರಡು ಗಂಟೆ. ಅದೂ ಸೀಟು ಸಿಕ್ಕರೆ. ಮಧ್ಯೆ ಟಿಕೆಟ್ ತೋರಿಸಬೇಕು, ಪಕ್ಕದವರು ಇಳಿಯುವಾಗ ಕಾಲು ಮಡಚಬೇಕು, ಮನೆಯಿಂದ ಫೋನು ಬರುತ್ತದೆ. ಹೀಗೆ ತುಂಡು ತುಂಡಾಗಿ ಸಿಗುವ ಹೊತ್ತಿಗೆ ಹೊಂದುವ ಆಟವೇ ನಿಮಗೆ ಒಳ್ಳೆಯ ಆಟ. ಅದು ಎಷ್ಟು ಪ್ರಸಿದ್ಧ ಅನ್ನುವುದು ಆಮೇಲಿನ ಮಾತು.

ಸ್ವಿಚ್‌ನಲ್ಲಿ ಒಂದು ಅನುಕೂಲ ಇದೆ. ಪವರ್ ಬಟನ್ ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ. ಮತ್ತೆ ಒತ್ತಿದರೆ ಅಲ್ಲಿಂದಲೇ ಶುರು. ಯಂತ್ರಕ್ಕೇನೋ ಎಲ್ಲಿ ಬಿಟ್ಟಿತ್ತು ಅನ್ನುವುದು ನೆನಪಿರುತ್ತದೆ. ನಮಗೆ ಇರಬೇಕಲ್ಲ! ನೂರು ಗಂಟೆಯ ಕಥೆ ಇರುವ ಆಟವನ್ನು ಮೂರು ದಿನ ಬಿಟ್ಟು ತೆರೆದರೆ, ನಾನು ಯಾರು, ಯಾವ ಊರಿಗೆ ಹೊರಟಿದ್ದೆ ಅಂತ ಮೊದಲಿಂದ ಹುಡುಕಬೇಕು.

ಇನ್ನೊಂದು ತೊಂದರೆ ತಲೆಸುತ್ತು. ಕುಲುಕುವ ಬಸ್ಸಿನಲ್ಲಿ ಪುಸ್ತಕ ಓದಿದರೆ ಹೊಟ್ಟೆ ತೊಳಸುವವರು ಪರದೆಯೊಳಗಿನ ಕ್ಯಾಮೆರಾ ಗಿರಗಿರ ತಿರುಗುವ ಆಟಗಳನ್ನು ದೂರ ಇಡಬೇಕು. ನಿಂತ ಚಿತ್ರ, ನಿಧಾನದ ನಡೆ, ನಾವು ಗುಂಡಿ ಒತ್ತುವವರೆಗೆ ಕಾಯುವ ಎದುರಾಳಿ. ಬಸ್ಸಿಗೆ ಇಂಥದ್ದು ಬೇಕು.

ಅಂಥದ್ದರಲ್ಲಿ ನನ್ನ ಮೊದಲ ಆಯ್ಕೆ ಇನ್‌ಟು ದ ಬ್ರೀಚ್. ಇದು ತಂತ್ರದ ಆಟ. ಸಬ್‌ಸೆಟ್ ಗೇಮ್ಸ್ ಎಂಬ ಪುಟ್ಟ ತಂಡ ಮಾಡಿದ್ದು, 2018ರಲ್ಲಿ ಬಂತು. ಚದುರಂಗದ ಹಾಗೆ ಎಂಟಕ್ಕೆ ಎಂಟು ಮನೆ. ನಿಮ್ಮ ಕಡೆ ಮೂರು ಯಂತ್ರಗಳು, ಆ ಕಡೆ ನೆಲ ಕೊರೆದು ಮೇಲೆ ಬರುವ ದೈತ್ಯ ಹುಳುಗಳು. ಹುಳು ಮುಂದಿನ ಸರದಿಯಲ್ಲಿ ಎಲ್ಲಿ ಹೊಡೆಯುತ್ತದೆ ಅಂತ ಆಟವೇ ಮೊದಲು ತೋರಿಸಿಬಿಡುತ್ತದೆ. ಮುಚ್ಚುಮರೆ ಇಲ್ಲ. ಹುಳುವನ್ನು ಕೊಲ್ಲುವುದಕ್ಕಿಂತ ಒಂದು ಮನೆ ಪಕ್ಕಕ್ಕೆ ತಳ್ಳುವುದೇ ಎಷ್ಟೋ ಸಲ ಜಾಣತನ. ತಳ್ಳಿದರೆ ಅದರ ಏಟು ಅದರ ಜೊತೆಗಾರನಿಗೇ ಬೀಳುತ್ತದೆ. ಒಂದೊಂದು ಕಾಳಗವೂ ಕೆಲವೇ ಸರದಿಗಳಲ್ಲಿ ಮುಗಿಯುತ್ತದೆ. ಸೋತರೆ ನಿಮ್ಮ ತಪ್ಪು ಎಲ್ಲಿ ಅಂತ ನಿಮಗೇ ಗೊತ್ತಾಗುತ್ತದೆ, ಅದೃಷ್ಟವನ್ನು ಬೈಯುವ ಹಾಗಿಲ್ಲ. ಆ ಕಾರಣಕ್ಕೇ ನನಗೆ ಇದು ಇಷ್ಟ. ಹದಿನೈದು ಡಾಲರ್ ಒಳಗೆ ಬರುತ್ತದೆ.

ಎರಡನೆಯದು ಸ್ಟಾರ್‌ಡ್ಯೂ ವ್ಯಾಲಿ. ಇದನ್ನು ನಿಮಗಿಂತ ನಿಮ್ಮ ತಂದೆಯವರನ್ನು ನೆನೆಸಿಕೊಂಡೇ ಹೇಳುತ್ತಿದ್ದೇನೆ. ಅಮೆರಿಕದ ಎರಿಕ್ ಬರೋನ್ ಒಬ್ಬರೇ ಕೂತು ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಕಟ್ಟಿದ ಆಟ. ಚಿತ್ರ, ಸಂಗೀತ, ಕೋಡ್, ಮಾತು, ಎಲ್ಲ ಅವರದೇ. 2016ರಲ್ಲಿ ಕಂಪ್ಯೂಟರಿಗೆ ಬಂತು, ಮರುವರ್ಷ ಸ್ವಿಚ್‌ಗೂ ಬಂತು. ಕಥೆ ಇಷ್ಟೇ: ನಗರದ ಕಚೇರಿಯಲ್ಲಿ ಬೇಸತ್ತ ಒಬ್ಬರು ತಾತ ಬಿಟ್ಟುಹೋದ ಹೊಲಕ್ಕೆ ಬಂದು ಬೇಸಾಯಕ್ಕೆ ಇಳಿಯುತ್ತಾರೆ. ಕಲ್ಲು ಹೆಕ್ಕಿ, ಕಳೆ ಕಿತ್ತು, ಗುದ್ದಲಿಯಲ್ಲಿ ಅಗೆದು, ಬೀಜ ಹಾಕಿ, ದಿನಾ ನೀರು ಹಾಕಬೇಕು. ನಾಲ್ಕು ಋತು, ಒಂದೊಂದಕ್ಕೂ 28 ದಿನ. ಋತು ಬದಲಾದ ಬೆಳಿಗ್ಗೆ ಹಳೆಯ ಬೆಳೆ ಬಹುಪಾಲು ಒಣಗಿ ನಿಂತಿರುತ್ತದೆ.

ಇಲ್ಲಿ ಟೊಮೆಟೊ ಬೇಸಿಗೆ ಬೆಳೆ. ಬೀಜಕ್ಕೆ 50 ಚಿನ್ನದ ನಾಣ್ಯ. 11 ದಿನಕ್ಕೆ ಮೊದಲ ಕಾಯಿ, ಆಮೇಲೆ ನಾಲ್ಕು ದಿನಕ್ಕೊಮ್ಮೆ ಕೊಯ್ಲು. ಮಾಮೂಲಿ ಹಣ್ಣು ಒಂದಕ್ಕೆ 60 ನಾಣ್ಯ. ಆ 60 ಯಾವತ್ತೂ ಇಳಿಯುವುದಿಲ್ಲ! ನೀವು ಸಾವಿರ ಹಣ್ಣು ತಂದು ಸುರಿದರೂ ಅದೇ ಬೆಲೆ. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ನೋಡಿದ್ದೇವೆ. ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೇವೆ. ಈ ಆಟದಲ್ಲಿ ಮಂಡಿ ಇಲ್ಲ, ದಲ್ಲಾಳಿ ಇಲ್ಲ. ಮನೆ ಮುಂದಿನ ಪೆಟ್ಟಿಗೆಯಲ್ಲಿ ಹಾಕಿದರೆ ಮಲಗಿ ಏಳುವಷ್ಟರಲ್ಲಿ ಹಣ ಬಂದಿರುತ್ತದೆ. ಬೋರ್‌ವೆಲ್ ಬತ್ತುವ ಚಿಂತೆಯೂ ಇಲ್ಲ, ಕೆರೆಯಲ್ಲಿ ಎಷ್ಟು ಸಲ ಮೊಗೆದರೂ ನೀರು ಇದ್ದಷ್ಟೇ ಇರುತ್ತದೆ. ನಿಮ್ಮ ತಂದೆಯವರು ಇದನ್ನು ಕೇಳಿ ಇನ್ನೂ ಜೋರಾಗಿ ನಗಬಹುದು. ನಗಲಿ ಬಿಡಿ, ಆದರೆ ಒಂದು ಸಂಜೆ ಅವರ ಕೈಗೆ ಕೊಟ್ಟು ನೋಡಿ. ಬೆದರುಗೊಂಬೆ ಇಡದಿದ್ದರೆ ಇಲ್ಲೂ ಕಾಗೆ ಬಂದು ಪೈರು ತಿನ್ನುತ್ತದೆ. ಬಂದ ದುಡ್ಡೆಲ್ಲ ಬೀಜಕ್ಕೆ ಹಾಕಿ ವಾರ ಪೂರ್ತಿ ಕೈ ಖಾಲಿ ಮಾಡಿಕೊಳ್ಳುವ ಎಡವಟ್ಟೂ ಇಲ್ಲಿ ಆಗುತ್ತದೆ. ಸಾಲಿನ ಲೆಕ್ಕ, ನೀರಿನ ಲೆಕ್ಕ ಅವರಿಗೆ ನಿಮಗಿಂತ ಬೇಗ ಹತ್ತೀತು.

ಬಸ್ಸಿಗೂ ಇದು ಹೇಳಿ ಮಾಡಿಸಿದ ಹಾಗಿದೆ. ಆಟದ ಒಂದು ದಿನ ನಮ್ಮ ಲೆಕ್ಕದಲ್ಲಿ ಹದಿನಾಲ್ಕು ನಿಮಿಷದ ಆಸುಪಾಸು. ಒಂದು ಎಚ್ಚರಿಕೆ: ಆಟದೊಳಗಿನ ವ್ಯಕ್ತಿ ಹೋಗಿ ಮಲಗಿದ ಮೇಲೇ ಆ ದಿನದ ಕೆಲಸ ಸೇವ್ ಆಗುವುದು. ಸಂಜೆ ಮನೆಗೆ ಬರುವಾಗ ಬ್ಯಾಟರಿ ಪೂರ್ತಿ ಇಳಿದು ಯಂತ್ರ ಆರಿದರೆ ಅವತ್ತಿನ ದುಡಿಮೆ ಹೋಯಿತು ಅಂತಲೇ. ಯುಎಸ್‌ಬಿ-ಸಿ ಇರುವ ಪವರ್ ಬ್ಯಾಂಕ್ ಒಂದನ್ನು ಬ್ಯಾಗಿನಲ್ಲಿಡಿ.

ಈ ಎರಡು ಆಟಗಳಲ್ಲೇ ನಿಮ್ಮ ಆರು ತಿಂಗಳ ಬಸ್ಸು ಕಳೆಯಬಹುದು. ಸುಮ್ನೆ ಹೇಳುತ್ತಿಲ್ಲ.

ನಿಂಟೆಂಡೊದ ಹೆಸರಾಂತ ಜೆಲ್ಡಾ ಸರಣಿಯನ್ನು ಯಾಕೆ ಹೇಳಲಿಲ್ಲ ಅಂತ ಬೇರೆ ಓದುಗರು ನನ್ನ ಮೇಲೆ ಮುನಿಸಿಕೊಳ್ಳುವ ಮುಂಚೆ ಅದನ್ನೂ ಹೇಳಿಬಿಡುತ್ತೇನೆ. ಸಾಹಸದ ಆಟಗಳಲ್ಲಿ ಆ ಸರಣಿಯ ಬ್ರೆತ್ ಆಫ್ ದ ವೈಲ್ಡ್‌ಗೆ ಸಮನಾದದ್ದು ಈ ಯಂತ್ರದಲ್ಲಿ ಇನ್ನೊಂದೇ ಇದೆ. ಅದು ಅದರದೇ ಮುಂದಿನ ಭಾಗ, 2023ರಲ್ಲಿ ಬಂದ ಟಿಯರ್ಸ್ ಆಫ್ ದ ಕಿಂಗ್‌ಡಮ್. ಮೊದಲನೆಯದು 2017ರ ಮಾರ್ಚ್ 3ರಂದು, ಸ್ವಿಚ್ ಬಂದ ದಿನವೇ ಬಂತು. ಕಣ್ಣಿಗೆ ಕಂಡ ಬೆಟ್ಟವನ್ನೆಲ್ಲ ಹತ್ತಬಹುದು. ಎಲ್ಲಿಗೆ ಹೋಗಬೇಕು ಅಂತ ಆಟ ಬಲವಂತ ಮಾಡುವುದಿಲ್ಲ. ಈ ಸರಣಿಯನ್ನು ಹುಟ್ಟುಹಾಕಿದ ಶಿಗೇರು ಮಿಯಾಮೊಟೊ ಚಿಕ್ಕಂದಿನಲ್ಲಿ ಕ್ಯೋಟೊ ಬಳಿಯ ತಮ್ಮ ಊರಿನ ಗುಡ್ಡ, ಕಾಡು, ಗುಹೆ ಸುತ್ತಿದ ಅನುಭವವನ್ನೇ ಆಟಕ್ಕೆ ತಂದವರು. ಕೈವಾರದ ಬೆಟ್ಟ, ಕೈಲಾಸಗಿರಿಯ ಗುಹೆ ನೋಡಿ ಬೆಳೆದ ನಿಮಗೆ ಆ ಆಸೆ ಏನು ಅಂತ ವಿವರಿಸಬೇಕಿಲ್ಲ ಅಲ್ವಾ? ಆದರೆ ಇದನ್ನು ಬಸ್ಸಿನಲ್ಲಿ ಆಡಬೇಡಿ. ಕ್ಯಾಮೆರಾ ತಿರುಗಿಸುತ್ತಲೇ ಇರಬೇಕು, ಬೆಟ್ಟದ ತುದಿ ಮುಟ್ಟುವಷ್ಟರಲ್ಲಿ ನಿಮ್ಮ ಸ್ಟಾಪ್ ಬಂದಿರುತ್ತದೆ. ದಸರೆ ರಜೆಗೆ ಕೊಳ್ಳಿ, ಮೊದಲ ಭಾಗವನ್ನೇ ಕೊಳ್ಳಿ, ಮನೆಯ ಟಿವಿಗೆ ಹಾಕಿ.

ಪಜಲ್ ಆಟ ಬೇಕೆಂದರೆ, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಸಾಕು. ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ 1984ರಲ್ಲಿ ಮಾಡಿದ ಆಟ, 1989ರಲ್ಲಿ ನಿಂಟೆಂಡೊದ ಹಳೆಯ ಕೈಯಂತ್ರ ಗೇಮ್ ಬಾಯ್ ಜೊತೆ ಜಗತ್ತು ಸುತ್ತಿತು. ನಿಮ್ಮ ಯಂತ್ರಕ್ಕೆ ಟೆಟ್ರಿಸ್ ಎಫೆಕ್ಟ್ ಚೆನ್ನಾಗಿದೆ. ಇದಕ್ಕಿಂತ ಜಾಸ್ತಿ ಹೇಳುವುದಕ್ಕೆ ಏನೂ ಇಲ್ಲ.

ಹಾರಿ ನೆಗೆಯುವ ಆಟಗಳಲ್ಲಿ ಎಲ್ಲರೂ ಮಾರಿಯೊ ಅನ್ನುತ್ತಾರೆ. ನಾನು ಸೆಲೆಸ್ಟ್ ಅನ್ನುತ್ತೇನೆ. 2018ರ ಆಟ. ಮ್ಯಾಡಲಿನ್ ಎಂಬ ಹುಡುಗಿ ಒಂದು ಪರ್ವತ ಹತ್ತಲು ಹೊರಡುತ್ತಾಳೆ, ಮನಸ್ಸಿನ ಒಳಗಿನ ಆತಂಕ ಅವಳದೇ ರೂಪ ತೊಟ್ಟು ಅಡ್ಡ ಬರುತ್ತದೆ. ಬಲು ಕಷ್ಟದ ಆಟ, ಗಳಿಗೆಗೊಂದು ಸಲ ಬೀಳುತ್ತೀರಿ. ಆದರೆ ಬಿದ್ದ ಮರುಕ್ಷಣ ಅದೇ ಪರದೆಯ ಮೊದಲಿಗೆ ತಂದು ನಿಲ್ಲಿಸುತ್ತದೆ, ಕಾಯಿಸುವುದಿಲ್ಲ. ತೀರಾ ಆಗದಿದ್ದರೆ ಆಟದ ವೇಗ ಕಡಿಮೆ ಮಾಡಬಹುದು, ಏಟೇ ಬೀಳದಂತೆಯೂ ಮಾಡಿಕೊಳ್ಳಬಹುದು. ಅದಕ್ಕೆ ಆಟ ನಿಮ್ಮನ್ನು ಹಂಗಿಸುವುದಿಲ್ಲ. ಇದನ್ನೂ ಬಸ್ಸಿನಲ್ಲಿ ಬೇಡ, ರಸ್ತೆಯ ಹಂಪು ಬಂದಾಗ ಬೆರಳು ತಪ್ಪುತ್ತದೆ.

ಈಗ ಹುಡುಗನ ವಿಷಯ. ಹೊಡೆದಾಟದ ಆಟ ಅಂದರೆ ಸ್ವಿಚ್‌ನಲ್ಲಿ ದೊಡ್ಡ ಹೆಸರು ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್. ರಕ್ತ ಇಲ್ಲ, ಎದುರಾಳಿಯನ್ನು ಅಂಗಳದಿಂದ ಆಚೆ ಎಸೆದರೆ ಗೆದ್ದಂತೆ. ಆದರೂ ಅಮೆರಿಕದ ಪೆಟ್ಟಿಗೆಯ ಮೇಲೆ ಹತ್ತು ವರ್ಷ ದಾಟಿದವರಿಗೆ, ಯುರೋಪಿನ ಪೆಟ್ಟಿಗೆಯ ಮೇಲೆ 12 ದಾಟಿದವರಿಗೆ ಅಂತ ಇದೆ. ಅವನಿಗೆ ಒಂಬತ್ತು. ಸ್ವಲ್ಪ ಕಾಯಲಿ. ಈಗ ಮಾರಿಯೊ ಕಾರ್ಟ್ 8 ಡಿಲಕ್ಸ್ ತಂದುಕೊಡಿ. ಸ್ವಿಚ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಆಟ ಇದೇ. ರೇಸ್ ಅಂತ ಹೆಸರು, ನಡೆಯುವುದು ಹೊಡೆದಾಟವೇ. ಮುಂದಿರುವವನ ಮೇಲೆ ಆಮೆ ಚಿಪ್ಪು ಎಸೆಯಬೇಕು, ಹಿಂದೆ ಬರುವವನಿಗೆ ಬಾಳೆ ಸಿಪ್ಪೆ ಹಾಕಬೇಕು. ನಿಮ್ಮ ಯಂತ್ರದ ಎರಡು ಬದಿಯ ಗುಂಡಿಗಳ ಹಿಡಿಕೆ, ಅಂದರೆ ಜಾಯ್‌ಕಾನ್ ಬಿಚ್ಚಿ ಅಡ್ಡ ಹಿಡಿದರೆ ಇಬ್ಬರು ಆಡಬಹುದು, ಬೇರೆ ಏನೂ ಕೊಳ್ಳಬೇಕಿಲ್ಲ. ಕಾರು ರಸ್ತೆ ಬಿಟ್ಟು ಹೋಗದಂತೆ ತಾನೇ ತಿರುಗಿಸಿಕೊಳ್ಳುವ ಸೌಕರ್ಯವೂ ಇದೆ, ಅದನ್ನು ಹಾಕಿ ಅತ್ತಿಗೆಯವರನ್ನೂ ಕೂರಿಸಿ. ಎಷ್ಟು ಹೊತ್ತು ಆಡಬಹುದು ಅಂತ ಗೊತ್ತು ಮಾಡಲು ನಿಂಟೆಂಡೊದ್ದೇ ಉಚಿತ ಮೊಬೈಲ್ ಆ್ಯಪ್ ಇದೆ. ಹೊತ್ತು ಮುಗಿದ ಮೇಲೆ ಯಂತ್ರವೇ ಎಚ್ಚರಿಸುತ್ತದೆ. ನೀವು ಕೆಟ್ಟವರಾಗಬೇಕಿಲ್ಲ.

ಕನ್ನಡದ ಪ್ರಶ್ನೆಗೆ ಉತ್ತರ ಬೇಸರದ್ದೇ. ಯಂತ್ರದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ನಮ್ಮ ಕಡೆಯ ಬದುಕು ಇರುವ ಆಟ ಬೇಕೆಂದರೆ ವೆಣ್ಬಾ ಇದೆ. ಟೊರೊಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದದ್ದು. ತಮಿಳುನಾಡಿನಿಂದ ಕೆನಡಾಕ್ಕೆ ಹೋದ ಕುಟುಂಬ, ಅಮ್ಮನ ಹರಿದುಹೋದ ಅಡುಗೆ ಪುಸ್ತಕ. ಅಳಿಸಿಹೋದ ಸಾಲುಗಳನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲನೆಯದೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಿದರೆ ಹಬೆ ಎಲ್ಲ ಕುಳಿಗೂ ಹೋಗುತ್ತದೆ ಅನ್ನುವುದೇ ಒಗಟು! ಹೊರದೇಶದವರು ತಲೆ ಕೆರೆದುಕೊಳ್ಳುವ ಜಾಗದಲ್ಲಿ ನಿಮ್ಮ ಅಮ್ಮ ನೋಡಿದ ಕೂಡಲೇ ಹೇಳಿಬಿಡುತ್ತಾರೆ. ಇಂಗ್ಲಿಷ್ ಕಲಿತ ಮಗ ಮನೆಮಾತಿನಿಂದ ದೂರ ಸರಿಯುವ ಭಾಗ ಎದೆಗೆ ತಾಗುತ್ತದೆ, ದುಬೈಯಲ್ಲಿರುವ ನಿಮ್ಮ ಅಣ್ಣನಿಗೂ ತಾಗೀತು. ಎರಡು ಗಂಟೆಯೊಳಗೆ ಮುಗಿಯುತ್ತದೆ, ಚಿಂತಾಮಣಿಯಿಂದ ಬೆಂಗಳೂರಿಗೆ ಸರಿಯಾಗಿ ಒಂದು ಪ್ರಯಾಣ. ಪುಣೆಯ ತಂಡ 2020ರಲ್ಲಿ ತಂದ ರಾಜಿ ಎಂಬ ಆಟವೂ ಇದೆ. ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ಕೋಟೆ, ಗೋಡೆ ಚಿತ್ರ ನೋಡಲು ಬಲು ಚೆಂದ. ಕಾಳಗ ಮಾತ್ರ ಒರಟು, ಕಥೆ ಮುಗಿಯುವ ರೀತಿಯೂ ನನಗೆ ಹಿಡಿಸಲಿಲ್ಲ. ನಮ್ಮ ದೇಶದ್ದು ಅನ್ನುವ ಅಭಿಮಾನಕ್ಕೆ ಕೊಳ್ಳಿ ಅಂತ ಹೇಳಲಾರೆ, ರಿಯಾಯಿತಿ ಬಂದಾಗ ನೋಡಿ.

ಕೊಳ್ಳುವ ದಾರಿಯಲ್ಲಿ ಒಂದು ತೊಡಕಿದೆ. ಭಾರತಕ್ಕೆ ಅಂತ ನಿಂಟೆಂಡೊದ ಆನ್‌ಲೈನ್ ಅಂಗಡಿ ಇಲ್ಲ. ಅಮೆರಿಕದಂಥ ಬೇರೆ ದೇಶದ ಹೆಸರಿನಲ್ಲಿ ಖಾತೆ ತೆರೆದು, ಅದೇ ದೇಶದ ಗಿಫ್ಟ್ ಕಾರ್ಡ್‌ನಿಂದ ಹಣ ತುಂಬಬೇಕು. ಖಾತೆ ಒಂದು ದೇಶದ್ದು, ಕಾರ್ಡ್ ಇನ್ನೊಂದು ದೇಶದ್ದು ಆದರೆ ನಡೆಯುವುದಿಲ್ಲ. ಸ್ಟಾರ್‌ಡ್ಯೂ, ಇನ್‌ಟು ದ ಬ್ರೀಚ್, ಸೆಲೆಸ್ಟ್, ವೆಣ್ಬಾ, ಇವನ್ನು ಹೀಗೆ ಕೊಳ್ಳಿ. ಇವಕ್ಕೆ ಆಗಾಗ ಬೆಲೆ ಇಳಿಸುತ್ತಾರೆ, ಅವಸರ ಬೇಡ. ಮಾರಿಯೊ ಕಾರ್ಟ್, ಜೆಲ್ಡಾ ಬೇರೆ ಲೆಕ್ಕ. ಅವು 60 ಡಾಲರಿನವು, ವರ್ಷಗಳಾದರೂ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. ಅವನ್ನು ಕಾರ್ಟ್ರಿಜ್ ರೂಪದಲ್ಲಿ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಚಿಪ್ ಆಗಿ, ತಗೊಳ್ಳಿ. ದುಬೈಯಲ್ಲಿ ಕೊಂಡದ್ದೂ ನಿಮ್ಮ ಯಂತ್ರದಲ್ಲಿ ನಡೆಯುತ್ತದೆ, ಆದ್ದರಿಂದ ಅಣ್ಣ ಮುಂದಿನ ಸಲ ಬರುವಾಗ ಚೀಟಿ ಕೊಡಿ. ಆಡಿ ಮುಗಿಸಿದ ಮೇಲೆ ಕಾರ್ಟ್ರಿಜ್ ಮಾರಬಹುದು, ಡೌನ್‌ಲೋಡ್ ಮಾಡಿದ್ದನ್ನು ಮಾರಲಾಗದು. ಅಂಚೆಚೀಟಿಯಷ್ಟು ಚಿಕ್ಕ ಚಿಪ್ ಈ ಕಾರ್ಟ್ರಿಜ್. ಮಕ್ಕಳು ಬಾಯಿಗೆ ಹಾಕಬಾರದು ಅಂತ ಮೇಲೆ ಕಹಿ ಲೇಪ ಹಚ್ಚಿರುತ್ತಾರೆ. ನಿಮ್ಮ ಹುಡುಗ ಇದನ್ನು ಕೇಳಿದ ಮೇಲೆ ಖಂಡಿತ ನೆಕ್ಕಿ ನೋಡುತ್ತಾನೆ, ನೋಡಲಿ.

ಯಂತ್ರದ ಒಳಗೆ 64 ಜಿಬಿ ಜಾಗ ಇದೆ. ಮೇಲೆ ಹೇಳಿದ ಸಣ್ಣ ಆಟಗಳಿಗೆ ಅದು ಧಾರಾಳ. ಮೆಮೊರಿ ಕಾರ್ಡ್‌ಗೆ ಈಗಲೇ ದುಡ್ಡು ಹಾಕಬೇಡಿ.

ಗಾಜಿನ ಬಗ್ಗೆ ಕೇಳಿದ್ದೀರಿ. ಬಸ್ಸಿನಲ್ಲಿ ಒಯ್ಯುತ್ತೀರಿ, ಹಾಗಾಗಿ ಹಾಕಿಸಿ. ಆದರೆ ಓಎಲ್‌ಇಡಿ ಪರದೆಯ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿದ ತೆಳು ಹಾಳೆ ಒಂದಿದೆ. ಗಾಜು ಒಡೆದರೆ ಚೂರು ಚೆಲ್ಲದಿರಲಿ ಅಂತ ಹಾಕಿರುವುದು. ಮೊಬೈಲ್ ಅಂಗಡಿಯ ಹುಡುಗರು ಅದನ್ನು ಸಾಮಾನ್ಯ ಪ್ಲಾಸ್ಟಿಕ್ ಅಂದುಕೊಂಡು ಕೀಳಲು ಹೊರಡಬಹುದು. ಕೀಳಬೇಡಿ, ಅದರ ಮೇಲೆಯೇ ಅಂಟಿಸಿ ಅಂತ ಮೊದಲೇ ಹೇಳಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ.