ಇಂಟರ್ನ್‌ಶಿಪ್‌ಗೆ ಹೋದ ಬಿ.ಎಡ್. ವಿದ್ಯಾರ್ಥಿನಿ ಶಾಲೆಯಲ್ಲಿ ಯಾರು? (ಸಂಪಾದಕರ ಉತ್ತರ)

ನಮಸ್ಕಾರ ಮೇಡಂ. ಹೆಸರು, ಊರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗೋಷ್ಟು ಮಾತ್ರ ಹೇಳ್ತೀನಿ. ನೀವು ಬಿ.ಎಡ್. ಎರಡನೇ ವರ್ಷ, ಸಬ್ಜೆಕ್ಟ್ ಗಣಿತ, ಒಂದು ಸರ್ಕಾರಿ ಹೈಸ್ಕೂಲಿಗೆ ಇಂಟರ್ನ್‌ಶಿಪ್‌ಗೆ ಹಾಕಿದಾರೆ. ಅಲ್ಲಿ ಗಣಿತದ ಮೇಷ್ಟ್ರ ಪೋಸ್ಟೇ ಖಾಲಿ, ಹೋದ ಮಾರನೇ ದಿನವೇ ಎಂಟು ಒಂಬತ್ತು ಎರಡೂ ಕ್ಲಾಸು ನಿಮ್ಮ ಕೈಗೆ ಬಂತು, ಮೆಂಟರ್ ಅಂತ ಹೆಸರಿಗೆ ಇರೋರು ವಿಜ್ಞಾನದ ಮೇಡಂ, ಅವರಿಗೆ ಅವರ ಪೀರಿಯಡ್ಡೇ ಮುಗಿಯಲ್ಲ. ಫ್ರೀ ಇದ್ದಾಗ ಎಸ್‌ಎಟಿಎಸ್ (ಮಕ್ಕಳ ವಿವರ ತುಂಬೋ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಮಾಡಿ, ಯಾರಾದ್ರೂ ರಜೆ ಹಾಕಿದ್ರೆ ಆ ಕ್ಲಾಸೂ ನೋಡ್ಕೊಳ್ಳಿ ಅಂತಾರೆ ಶಾಲೆಯವರು. ಕಾಲೇಜಿಗೆ ಫೋನ್ ಮಾಡಿದ್ರೆ ರೆಕಾರ್ಡ್ (ಪಾಠ ಯೋಜನೆ ಬರೆದಿಡೋ ಪುಸ್ತಕ) ನೀಟಾಗಿರ್ಲಿ, ಮಿಕ್ಕಿದ್ದು ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು. ಜೊತೆಯವರು ಸೀನಿಯರ್‌ಗಳ ರೆಕಾರ್ಡ್ ಇಟ್ಕೊಂಡು ಕಾಪಿ ಮಾಡ್ತಿದಾರೆ, ಒಂದಿಬ್ಬರು ಶಾಲೆಗೇ ಹೋಗದೆ ಸರ್ಟಿಫಿಕೇಟ್ ಮಾಡಿಸ್ಕೊಳ್ಳೋ ಯೋಚನೇಲಿದಾರೆ. ಇಷ್ಟೆಲ್ಲಾ ಬರೆದು ಕೊನೆಗೆ ಕೇಳಿದೀರಿ, "ನಾನು ಅಲ್ಲಿ ಟೀಚರ್ರಾ, ಸ್ಟೂಡೆಂಟಾ, ಇಲ್ಲಾ ಸಂಬಳ ಇಲ್ಲದ ನೌಕರಳಾ?"

ನೇರವಾಗಿ ಹೇಳ್ತೀನಿ. ಎದುರಿಗೆ ಕೂತಿರೋ ಮಕ್ಕಳ ಮಟ್ಟಿಗೆ ನೀವು ಮೊದಲ ದಿನದಿಂದಲೇ ಪೂರ್ತಿ ಟೀಚರ್, ಅದರಲ್ಲಿ ಅರ್ಧ ಮುಕ್ಕಾಲು ಅನ್ನೋದಿಲ್ಲ. ಆದ್ರೆ ಆ ಶಾಲೆಯ ಖಾಲಿ ಪೋಸ್ಟಿನ ಮಟ್ಟಿಗೆ ನೀವು ಸ್ಟೂಡೆಂಟ್, ಅದನ್ನ ತುಂಬೋ ಹೊಣೆ ನಿಮ್ಮದಲ್ಲ. ಇವೆರಡನ್ನೂ ಕಲಸಿಬಿಟ್ಟಿದಾರೆ, ಅದಕ್ಕೇ ನಿಮಗೆ ಇಷ್ಟು ಸುಸ್ತು.

ನಿಯಮ ಏನು ಹೇಳುತ್ತೆ ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಎಷ್ಟೋ ಎಚ್‌ಎಂಗಳಿಗೂ (ಮುಖ್ಯ ಶಿಕ್ಷಕರಿಗೂ) ಇದು ಸರಿಯಾಗಿ ತಲುಪಿಲ್ಲ. ಮೊದಲು ಬಿ.ಎಡ್. ಒಂದೇ ವರ್ಷ ಇತ್ತು, ಒಂದಷ್ಟು ಪಾಠ ಮಾಡಿ ಬಂದ್ರೆ ಟೀಚಿಂಗ್ ಪ್ರಾಕ್ಟೀಸ್ ಮುಗೀತು. ಶಿಕ್ಷಕರ ತರಬೇತಿ ಬಗ್ಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರಲ್ಲಿ ಹೊಸ ರೆಗ್ಯುಲೇಶನ್ ತಂದು ಕೋರ್ಸನ್ನ ಎರಡು ವರ್ಷ ಮಾಡ್ತು, ಇಂಟರ್ನ್‌ಶಿಪ್ಪನ್ನ ಒಟ್ಟು 20 ವಾರ ಮಾಡ್ತು, ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಆ 16 ವಾರದಲ್ಲಿ ಶುರುವಿನ ಒಂದು ವಾರ ರೆಗ್ಯುಲರ್ ಟೀಚರ್ ಪಾಠ ಮಾಡೋದನ್ನ ಕೂತು ನೋಡೋದಕ್ಕೇ ಇರೋದು. ಆಮೇಲೆ ನಿಮ್ಮ ಪಾಠವನ್ನ ಶಾಲೆಯ ಟೀಚರ್ರು, ಕಾಲೇಜಿನ ಲೆಕ್ಚರರ್ರು, ಜೊತೆಯ ಇಂಟರ್ನ್‌ಗಳು ನೋಡ್ಬೇಕು. ಹಾಜರಾತಿ ಲೆಕ್ಕವೂ ಬೇರೆ, ಕಾಲೇಜಿನ ಕ್ಲಾಸಿಗೆ 80% ಸಾಕು, ಇಂಟರ್ನ್‌ಶಿಪ್‌ಗೆ 90% ಬೇಕು. ಅಂದ್ರೆ ಯಾರಾದ್ರೂ ನೋಡ್ತಾ ಇರ್ಬೇಕು, ತಿದ್ದಬೇಕು, ನೀವು ತಪ್ಪದೇ ಹೋಗ್ಬೇಕು, ಇಡೀ ಏರ್ಪಾಡು ನಿಂತಿರೋದೇ ಇದರ ಮೇಲೆ. ಒಬ್ಬರನ್ನೇ ಎರಡು ಕ್ಲಾಸಿಗೆ ಬಿಟ್ಟು ಬಾಗಿಲು ಎಳ್ಕೊಂಡು ಹೋಗೋದು ಇಂಟರ್ನ್‌ಶಿಪ್ ಅಲ್ಲ.

ನಿಮ್ಮ ಎಚ್‌ಎಂ ಮೇಲೆ ನನಗೆ ಕೋಪ ಇಲ್ಲ. ಜೂನ್‌ನಿಂದ ಅತಿಥಿ ಶಿಕ್ಷಕರಿಗಾಗಿ ಕಾದು ಕೂತ ಶಾಲೆಗೆ ಗಣಿತ ಓದಿದೋರು ಒಬ್ಬರು ಬಂದ್ರೆ ಯಾವ ಎಚ್‌ಎಂ ಆದ್ರೂ ಅದನ್ನೇ ಮಾಡ್ತಾರೆ. ಹಾಗಂತ ಅದು ಸರಿ ಆಗಲ್ಲ. ಅವರ ಹತ್ರ ಹೋಗಿ ಮೇಡಂ, ಸ್ಟಾಫ್‌ರೂಮಲ್ಲಿ ಎಲ್ಲರ ಮುಂದೆ ಬೇಡ, ಚೇಂಬರಲ್ಲಿ ಒಬ್ಬರೇ ಇದ್ದಾಗ ಹೇಳಿ: ಸಾರ್, ಎಂಟನೇ ಕ್ಲಾಸ್ ಪೂರ್ತಿ ಜವಾಬ್ದಾರಿಯಿಂದ ತಗೋತೀನಿ, ಒಂಬತ್ತು ಈಗಲೇ ಬೇಡ, ವಾರಕ್ಕೆ ಎರಡು ಪೀರಿಯಡ್ ಆದ್ರೂ ವಿಜ್ಞಾನದ ಮೇಡಂ ಹಿಂದೆ ಕೂತು ನೋಡ್ಲಿ, ಅವರ ಕ್ಲಾಸಲ್ಲಿ ನಾನೂ ಕೂರ್ತೀನಿ. ವಿಜ್ಞಾನದವರು ಗಣಿತಕ್ಕೆ ಏನು ಹೇಳ್ಕೊಡ್ತಾರೆ ಅನ್ಬೇಡಿ, ಗಲಾಟೆ ಕ್ಲಾಸನ್ನ ಹೇಗೆ ಕೂರಿಸೋದು, ಉತ್ತರ ಗೊತ್ತಿದ್ರೂ ಬಾಯಿ ಬಿಡದ ಹುಡುಗಿಯನ್ನ ಹೇಗೆ ಮಾತಾಡ್ಸೋದು, ಇದೆಲ್ಲಾ ಅವರ ಹತ್ರ ಬೇಕಾದಷ್ಟಿರುತ್ತೆ. ಎಸ್‌ಎಟಿಎಸ್ ಹೇಗೆ ತುಂಬೋದು, ಅಟೆಂಡೆನ್ಸ್ ರಿಜಿಸ್ಟರ್ ಹೇಗೆ ಕ್ಲೋಸ್ ಮಾಡೋದು ಅಂತ ಕಲೀರಿ, ನಾಳೆ ನಿಮಗೇ ಬೇಕು. ದಿನಾ ಅದೇ ಕೆಲಸ ಆದ್ರೆ ಮಾತ್ರ ಬೇಡ ಅನ್ನಿ.

ಇನ್ನು ನೀವು ಮಾಡ್ಬೇಕಾದ್ದರ ಬಗ್ಗೆ. ಇಲ್ಲಿ ನಾನು ಸ್ವಲ್ಪ ಬಿಗಿಯಾಗೇ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ತಯಾರಿ ಇಲ್ಲದೆ ನೀವು ಕ್ಲಾಸಿಗೆ ಹೋದ್ರೆ ನಷ್ಟ ನಿಮಗಲ್ಲ, ಆ ಪೀರಿಯಡ್ ಮಕ್ಕಳಿಗೆ ಮತ್ತೆ ಸಿಗಲ್ಲ. ನಿಮ್ಮ ಪತ್ರದಲ್ಲಿ ಒಂದು ಸಾಲು ಬಂದು ಹೋಗಿದೆ, ಎಂಟನೇ ಕ್ಲಾಸಿನ ಹುಡುಗ 1/2 ಕ್ಕೆ 1/3 ಕೂಡಿಸಿ 2/5 ಅಂತ ಬರೆದ, ಇವಕ್ಕೆ ಬೇಸಿಕ್ಕೇ ಇಲ್ಲ ಅಂತ. ಅಲ್ಲೇ ನಿಲ್ಲಿ ಮೇಡಂ. ಆ ಹುಡುಗ ಮನಸ್ಸಿಗೆ ಬಂದಂಗೆ ಬರ್ದಿಲ್ಲ, ಮೇಲಿನ ಒಂದು ಒಂದು ಕೂಡ್ಸಿ ಎರಡು, ಕೆಳಗಿನ ಎರಡು ಮೂರು ಕೂಡ್ಸಿ ಐದು, ಅವನ ಲೆಕ್ಕಕ್ಕೂ ಒಂದು ದಾರಿ ಇದೆ. ಅವನಿಗೆ ಭಿನ್ನರಾಶಿ ಅಂದ್ರೆ ಒಂದು ಸಂಖ್ಯೆ ಅಲ್ಲ, ಗೆರೆ ಎಳೆದು ಮೇಲೆ ಕೆಳಗೆ ಇಟ್ಟಿರೋ ಎರಡು ಸಂಖ್ಯೆ. ಕೆಂಪು ಪೆನ್ನಲ್ಲಿ ಇಂಟು ಹಾಕಿ ಲ.ಸಾ.ಅ. ತೆಗಿ ಅಂದ್ರೆ ಲ.ಸಾ.ಅ. ತೆಗೀತಾನೆ, ಆದ್ರೆ ತಲೆಯೊಳಗಿನ ತಪ್ಪು ಅಲ್ಲೇ ಇರುತ್ತೆ. ಅದರ ಬದಲು ಕೇಳಿ, ಅರ್ಧ ದೊಡ್ಡದಾ, ಐದರಲ್ಲಿ ಎರಡು ಭಾಗ ದೊಡ್ಡದಾ? ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಡಿ, ಒಂದನ್ನ ಎರಡು ಸಮ ಭಾಗ ಮಾಡ್ಲಿ, ಇನ್ನೊಂದನ್ನ ಅಳೆದು ಐದು ಭಾಗ ಮಾಡ್ಲಿ, ಪಕ್ಕ ಪಕ್ಕ ಇಡ್ಲಿ. ಅರ್ಧಕ್ಕೆ ಇನ್ನೂ ಏನೋ ಸೇರ್ಸಿದ್ರೂ ಅರ್ಧಕ್ಕಿಂತ ಕಮ್ಮಿ ಬಂತಲ್ಲ ಅಂತ ಅವನಿಗೇ ಕಾಣುತ್ತೆ. ಆಮೇಲೆ 5/6 ಯಾಕೆ ಅನ್ನೋದನ್ನ ಅವನೇ ಬಂದು ಕೇಳ್ತಾನೆ. ನಿಮ್ಮ ಕ್ರಿಯಾ ಸಂಶೋಧನೆಗೆ (ಕ್ಲಾಸಿನದೇ ಒಂದು ತೊಂದರೆ ಹಿಡಿದು ಪರಿಹಾರ ಮಾಡಿ ನೋಡೋ ಪ್ರಾಜೆಕ್ಟ್) ಟಾಪಿಕ್ ಸಿಕ್ತಿಲ್ಲ ಅಂತ ಅದೇ ಪತ್ರದ ಕೊನೇಲಿ ಬರ್ದಿದೀರಿ, ಅದು ನಿಮ್ಮ ಕೈಲೇ ಇತ್ತು! ಎಷ್ಟು ಮಕ್ಕಳು ಇದೇ ತಪ್ಪು ಮಾಡ್ತಾರೆ ನೋಡಿ, ಪಟ್ಟಿ ಕೊಟ್ಟು ಮಾಡಿಸಿ, ಎರಡು ವಾರ ಬಿಟ್ಟು ಅದೇ ಥರದ ಲೆಕ್ಕ ಮತ್ತೆ ಕೊಡಿ, ಬಂದದ್ದನ್ನ ಬಂದ ಹಾಗೆ ಬರೀರಿ.

ಇದಕ್ಕೇ ನಾನು ರೆಕಾರ್ಡ್ ಕಾಪಿ ಮಾಡ್ಬೇಡಿ ಅನ್ನೋದು. ಸೀನಿಯರ್‌ದು ನೋಡಿ ಬರೆದ ಪಾಠ ಯೋಜನೇಲಿ ಆ ಹುಡುಗ ಇರಲ್ಲ. ಐದು ಇ (ಪಾಠವನ್ನ ಐದು ಹಂತ ಮಾಡೋ 5E ಕ್ರಮ) ಕಾಲಂ ಎಲ್ಲಾ ಚೆಂದಾಗಿ ತುಂಬಿರುತ್ತೆ, ಸ್ಕೆಚ್ ಪೆನ್ನಿನ ಬಾರ್ಡರ್ ಇರುತ್ತೆ, "ವಿದ್ಯಾರ್ಥಿಗಳು ಸರಿಯಾಗಿ ಉತ್ತರಿಸುತ್ತಾರೆ" ಅಂತ ಪಾಠಕ್ಕೆ ಮುಂಚೆಯೇ ಬರೆದಿರುತ್ತೆ. ಪಾಠ ಮುಗಿದ ದಿನವೇ ಕೊನೇಲಿ ನಾಲ್ಕು ಸಾಲು ನಿಮ್ಮದೇ ಮಾತಲ್ಲಿ ಸೇರಿಸಿ, ಯಾರಿಗೆ ಎಲ್ಲಿ ಕೈಕೊಡ್ತು, ಯಾವ ಪ್ರಶ್ನೆಗೆ ಇಡೀ ಕ್ಲಾಸ್ ಸುಮ್ಮನಾಯ್ತು. ಬೇರೆಯವರ ಪಾಠ ನೋಡಿ ಬರೆಯೋ ಅಬ್ಸರ್ವೇಶನ್ ಶೀಟೂ ಅಷ್ಟೇ, ಶಿಕ್ಷಕರು ಉತ್ತಮವಾಗಿ ಬೋಧಿಸಿದರು ಅಂತ ಬರೆದ್ರೆ ನಿಮಗೇನೂ ಸಿಗಲ್ಲ. ಬೆಂಚುಗಳ ನಕ್ಷೆ ಹಾಕ್ಕೊಂಡು ಮೇಡಂ ಯಾರನ್ನ ಎಷ್ಟು ಸಲ ಕೇಳಿದ್ರು ಅಂತ ಗುರುತು ಹಾಕಿ, ಒಂದು ಪೀರಿಯಡ್‌ನಲ್ಲೇ ಯಾವ ಮೂಲೆ ಕಡೆ ಯಾರೂ ತಿರುಗಲ್ಲ ಅಂತ ಗೊತ್ತಾಗುತ್ತೆ. ಹಾಗೇ ಬೋರ್ಡ್ ಮೇಲೆ ಒಂದು ಸಾಲು ಬರೆದು ಲಾಸ್ಟ್ ಬೆಂಚಲ್ಲಿ ಕೂತು ನೋಡಿ, ಕಿಟಕಿ ಬೆಳಕಿಗೆ ಅರ್ಧ ಬೋರ್ಡ್ ಹೊಳೆದು ಏನೂ ಕಾಣದೇ ಇರ್ಬಹುದು, ಆ ಮಕ್ಕಳು ಅದನ್ನ ಯಾರಿಗೂ ಹೇಳಿರಲ್ಲ.

ಶಾಲೆಗೇ ಹೋಗದೆ ಸರ್ಟಿಫಿಕೇಟ್ ತರೋರ ವಿಷಯ ಜಾಸ್ತಿ ಬರೆಯಲ್ಲ. ಅದು ಮೋಸ, ಮುಂದೆ ಅವರ ಕ್ಲಾಸಲ್ಲಿ ಕೂರೋ ಮಕ್ಕಳಿಗೆ ಮಾಡೋ ಮೋಸ.

ಪತ್ರದಲ್ಲಿ ನೀವು ಕೇಳದೇ ಇದ್ರೂ ಹೇಳ್ಲೇಬೇಕಾದ್ದು ಇನ್ನೊಂದಿದೆ. ಮಕ್ಕಳನ್ನ ಹೊಡೀಬೇಡಿ, ಹೀಯಾಳಿಸ್ಬೇಡಿ, ರೆಗ್ಯುಲರ್ ಟೀಚರ್ ಬೆತ್ತ ಹಿಡ್ಕೊಂಡು ಹೋಗಿ ಅಂದ್ರೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಮಕ್ಕಳ ಫೋಟೋ, ರೀಲ್ಸ್ ನಿಮ್ಮ ಸ್ಟೇಟಸ್‌ಗೆ ಹಾಕ್ಬೇಡಿ. ನೀವು ವಯಸ್ಸಲ್ಲಿ ಅವರಿಗೆ ಹತ್ತಿರ, ಅಕ್ಕನ ಥರ ಕಾಣ್ತೀರಿ, ಹಾಗಾಗಿ ಹಳೇ ಟೀಚರ್‌ಗೆ ಹೇಳದ್ದನ್ನ ನಿಮಗೆ ಹೇಳ್ತಾರೆ. ಯಾವುದಾದ್ರೂ ಮಗು ತನಗೆ ಲೈಂಗಿಕ ಕಿರುಕುಳ ಆಗ್ತಿದೆ ಅಂತ ಬಾಯಿ ಬಿಟ್ರೆ, ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ. ಸಮಾಧಾನದಿಂದ ಕೇಳಿ, ಬಗೆದು ಬಗೆದು ವಿಚಾರಣೆ ಮಾಡೋಕೆ ಹೋಗ್ಬೇಡಿ, ಅವತ್ತೇ ಎಚ್‌ಎಂಗೆ ತಿಳಿಸಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸ್ಲೇಬೇಕು, ಇಂಟರ್ನ್ ಅಂತ ವಿನಾಯಿತಿ ಇಲ್ಲ. ಶಾಲೆಯವರು ಮುಚ್ಚಿಹಾಕೋಣ ಅಂದ್ರೂ ನಿಮ್ಮ ಹೊಣೆ ಹೋಗಲ್ಲ. ಮಕ್ಕಳ ಸಹಾಯವಾಣಿ 1098 ಇದೆ, ನಂಬರ್ ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ.

ಇದನ್ನ ಓದ್ತಿರೋ ಕಾಲೇಜಿನ ಲೆಕ್ಚರರ್‌ಗಳಿಗೂ ಒಂದು ಮಾತು. ದಯವಿಟ್ಟು ಶಾಲೆಗೆ ಹೋಗಿ, ಕಾಫಿ ಕುಡಿದು ರಿಜಿಸ್ಟರ್‌ಗೆ ಸೈನ್ ಹಾಕಿ ಬರೋದಲ್ಲ, ಒಂದು ಪೀರಿಯಡ್ ಪೂರ್ತಿ ಹಿಂದೆ ಕೂರಿ, ಆಮೇಲೆ ಅವರ ಜೊತೆ ಕಾಲು ಗಂಟೆ ಮಾತಾಡಿ. ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನೋದು ಮಾರ್ಗದರ್ಶನ ಅಲ್ಲ. ಫೋನಲ್ಲಿ ಆಗಲಿಲ್ಲ ಅಂದ್ರೆ ಮೇಡಂ, ನೀವು ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಬರೀರಿ. ದೂರು ಬೇಡ, ನಿಮ್ಮ ಟೈಂಟೇಬಲ್ ಲಗತ್ತಿಸಿ, ಇಷ್ಟು ದಿನದಲ್ಲಿ ನನ್ನ ಪಾಠ ಯಾರೂ ನೋಡಿಲ್ಲ, ಬಂದು ನೋಡ್ಬೇಕು ಅಂತ ಕೇಳಿ. ಕೇಳೋಕೆ ನಿಮಗೆ ಪೂರ್ತಿ ಹಕ್ಕಿದೆ.

ಇಂಟರ್ನ್‌ಶಿಪ್ ಮುಗಿಸಿ ಹೊರಡೋ ವಾರ ಸೆಂಡಾಫ್, ಕೇಕ್, ಗ್ರೂಪ್ ಫೋಟೋ ಇದ್ದೇ ಇರುತ್ತೆ, ಅದಕ್ಕೆ ಮುಂಚೆ ಒಂದು ಫೈಲ್ ರೆಡಿ ಮಾಡಿ. ಯಾವ ಅಧ್ಯಾಯ ಎಲ್ಲಿವರೆಗೆ ಆಯ್ತು, ಘಟಕ ಪರೀಕ್ಷೆಯ ಅಂಕ, ತಿದ್ದದೇ ಉಳಿದ ನೋಟ್‌ಬುಕ್ ಇದ್ರೆ ತಿದ್ದಿ ಕೊಟ್ಟದ್ದು, ಯಾವ ಮಗು ಯಾವ ಲೆಕ್ಕದಲ್ಲಿ ನಿಂತಿದೆ, ಎಲ್ಲಾ ಅದರಲ್ಲಿರ್ಲಿ. ನೀವು ಹೋದ ಮೇಲೆ ಆ ಎಂಟನೇ ಕ್ಲಾಸಿಗೆ ಅತಿಥಿ ಶಿಕ್ಷಕರು ಬರ್ತಾರೋ, ಇನ್ನೊಬ್ಬ ಇಂಟರ್ನ್ ಬರ್ತಾರೋ, ಯಾರೇ ಬಂದ್ರೂ ಒಂದನೇ ಅಧ್ಯಾಯದಿಂದ ಮತ್ತೆ ಶುರು ಮಾಡೋ ಹಾಗಾಗ್ಬಾರ್ದು. ಒಂದು ಕಾಪಿ ಎಚ್‌ಎಂಗೆ ಕೊಡಿ, ಇನ್ನೊಂದು ವಿಜ್ಞಾನದ ಮೇಡಂಗೆ.